ಚೆನ್ನೆಮಣೆಯಿಂದ ಚದುರಂಗದ ಸಭಾಂಗಣಕ್ಕೆ

ಆಟಿ ತಿಂಗಳ ಜಡಿಮಳೆ. ಗದ್ದೆಯ ಕೆಲಸ ಮುಗಿದಿದೆ, ಅಂಗಳಕ್ಕೆ ಇಳಿಯುವಂತಿಲ್ಲ. ಅಂಬಲಪಾಡಿ, ಕಾಪು, ಕಾರ್ಕಳದ ಕಡೆಯ ಹಳೆಯ ಮನೆಗಳಲ್ಲಿ ಅಟ್ಟದ ಮೇಲಿನ ಚೆನ್ನೆಮಣೆ ಕೆಳಗಿಳಿಯುತ್ತಿದ್ದುದು ಈ ದಿನಗಳಲ್ಲೇ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕರಂತೆ ಒಟ್ಟು 56 ಮಂಜೊಟ್ಟಿ ಬೀಜ. ಯಾವ ಗುಳಿಯಿಂದ ಎತ್ತಿ ಹಂಚಿದರೆ ಕೊನೆಯ ಬೀಜ ಎಲ್ಲಿ ಬೀಳುತ್ತದೆ ಎಂಬುದನ್ನು ಕೈ ಹಾಕುವ ಮೊದಲೇ ಎಣಿಸಿಕೊಳ್ಳಬೇಕು. ಅಕ್ಷರ ಬಾರದ ಅಜ್ಜಿಯೂ ಈ ಲೆಕ್ಕದಲ್ಲಿ ಮೊಮ್ಮಕ್ಕಳನ್ನು ಸೋಲಿಸುತ್ತಿದ್ದಳು.

ತುಳುನಾಡಿನ ಸಿರಿ ಪಾಡ್ದನದ ಕೊನೆಗೂ ಇದೇ ಮಣೆ ಬರುತ್ತದೆ. ಸಿರಿಯ ಮಗಳು ಸೊನ್ನೆ. ಸೊನ್ನೆಯ ಅವಳಿ ಮಕ್ಕಳು ಅಬ್ಬಗ ಮತ್ತು ದಾರಗ. ಹಿರಿಯರಿಲ್ಲದ ಹೊತ್ತಿನಲ್ಲಿ ಇಬ್ಬರೂ ಚೆನ್ನೆಯಾಡುತ್ತಾರೆ, ಸೋಲು-ಗೆಲುವಿನ ಮಾತು ಜಗಳಕ್ಕೆ ತಿರುಗುತ್ತದೆ, ಒಬ್ಬಳು ಇನ್ನೊಬ್ಬಳ ತಲೆಗೆ ಮಣೆಯಿಂದಲೇ ಹೊಡೆಯುತ್ತಾಳೆ. ಅಕ್ಕತಂಗಿಯರು ಚೆನ್ನೆ ಆಡಬಾರದೆಂಬ ಮಾತು ಹಳಬರ ಬಾಯಲ್ಲಿ ಇರುವುದು ಇದಕ್ಕಾಗಿಯೇ. ಕಥೆ ದಾರುಣವಾದದ್ದು ನಿಜ. ಆದರೆ ಹೆಣ್ಣುಮಕ್ಕಳು ಮಣೆಯ ಮುಂದೆ ಕುಳಿತರೆ ಗೆಲ್ಲಲೆಂದೇ ಆಡುತ್ತಾರೆ ಎಂಬುದನ್ನು ಅದು ಸಂಶಯವಿಲ್ಲದೆ ಹೇಳುತ್ತದೆ.

ಹೀಗಿರುವಾಗ ಚದುರಂಗದ ಸ್ಪರ್ಧೆಗಳಲ್ಲಿ ಹುಡುಗಿಯರು ಏಕೆ ಇಷ್ಟು ಕಡಿಮೆ? ಬುದ್ಧಿಯ ಮಾತೆತ್ತುವವರು ಇಂದಿಗೂ ಇದ್ದಾರೆ. ಇತಿಹಾಸ ಮಾತ್ರ ಬೇರೆಯೇ ಉತ್ತರ ಕೊಡುತ್ತದೆ. ಚೆನ್ನೆಮಣೆ ಇದ್ದದ್ದು ಮನೆಯೊಳಗೆ. ಚದುರಂಗದ ಮಣೆ ಇದ್ದದ್ದು ಮನೆಯ ಹೊರಗೆ.

ಚದುರಂಗದ ಬಗ್ಗೆ ನಮ್ಮಲ್ಲಿ ಬರೆದಿಟ್ಟ ಚರಿತ್ರೆ ಬಹುಮಟ್ಟಿಗೆ ಅರಮನೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೆಯ ಶತಮಾನದ ‘ಮಾನಸೋಲ್ಲಾಸ’ ಇದನ್ನು ರಾಜರ ವಿನೋದಗಳಲ್ಲಿ ಒಂದೆಂದು ಎಣಿಸುತ್ತದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಒಂದು ಮನೆಗೆ ಎರಡನೆಯ ಬಾರಿ ಕಾಲಿಡದಂತೆ ಕುದುರೆಯನ್ನು ಇಡೀ ಮಣೆ ಸುತ್ತಿಸುವ ಬಂಧಗಳನ್ನು ರಚಿಸಿ ಹೆಸರಾದರು. ಇನ್ನೊಂದು ಸೋಜಿಗವೂ ಉಂಟು. ನಮ್ಮ ಮಣೆಯಲ್ಲಿ ರಾಜನ ಪಕ್ಕ ಇದ್ದವನು ಮಂತ್ರಿ. ಕಾಯಿಗಳಲ್ಲಿ ಹೆಣ್ಣೆಂಬುದೇ ಇರಲಿಲ್ಲ. ಯುರೋಪಿಗೆ ಹೋದ ಮೇಲೆ ಮಂತ್ರಿ ರಾಣಿಯಾದ. 15ನೆಯ ಶತಮಾನದ ಕೊನೆಯ ವೇಳೆಗೆ ಆ ರಾಣಿ ಎಲ್ಲರಿಗಿಂತ ಬಲಶಾಲಿ ಕಾಯಿಯೂ ಆಯಿತು. ಮಣೆಯ ಮೇಲೆ ಹೆಣ್ಣಿಗೆ ಸಿಕ್ಕ ಆ ಸ್ಥಾನ ಮಣೆಯ ಮುಂದೆ ಸಿಗಲು ಇನ್ನೂ ನಾಲ್ಕೈದು ಶತಮಾನ ಹಿಡಿಯಿತು.

ಆಡಲು ಜಾಗವೇ ಇಲ್ಲದಿದ್ದರೆ ಪ್ರತಿಭೆ ಏನಾಗುತ್ತದೆ ಎಂಬುದಕ್ಕೆ ಫಾತಿಮಾ ಸಾಕ್ಷಿ. ಪಂಜಾಬಿನ ಸರ್ ಉಮರ್ ಹಯಾತ್ ಖಾನರ ಪರಿವಾರದಲ್ಲಿ ಸೇವಕಿಯಾಗಿದ್ದ ಈ ಯುವತಿ 1933ರಲ್ಲಿ ಹೇಸ್ಟಿಂಗ್ಸ್‌ನಲ್ಲಿ ಬ್ರಿಟಿಷ್ ಮಹಿಳಾ ಚಾಂಪಿಯನ್ ಆದಳು. ಅದೇ ಪರಿವಾರದ ಸುಲ್ತಾನ್ ಖಾನ್ ಅದೇ ವರ್ಷ ಬ್ರಿಟಿಷ್ ಚಾಂಪಿಯನ್. ತಾಯ್ನಾಡಿಗೆ ಮರಳಿದ ಫಾತಿಮಾಳಿಗೆ ಆಡಲು ಇಲ್ಲಿ ರಾಷ್ಟ್ರಮಟ್ಟದ ಮಹಿಳಾ ಸ್ಪರ್ಧೆಯೇ ಇರಲಿಲ್ಲ. ಆಟದ ಚರಿತ್ರೆಯಲ್ಲಿ ಆಕೆಯ ಹೆಸರು ಅಲ್ಲಿಗೇ ನಿಲ್ಲುತ್ತದೆ.

ಬೆಂಗಳೂರಿನಲ್ಲಿ ತೆರೆದ ಬಾಗಿಲು

ಸ್ವತಂತ್ರ ಭಾರತದ ಮೊದಲ ರಾಷ್ಟ್ರೀಯ ಚದುರಂಗ ಚಾಂಪಿಯನ್‌ಷಿಪ್ 1955ರಲ್ಲಿ ಆಂಧ್ರದ ಏಲೂರಿನಲ್ಲಿ ನಡೆಯಿತು. ಮಹಿಳೆಯರಿಗೆ ಅಂಥದೊಂದು ಸ್ಪರ್ಧೆ ಏರ್ಪಡಲು ಮತ್ತೆ 19 ವರ್ಷ ಕಾಯಬೇಕಾಯಿತು. ಅದು ಏರ್ಪಟ್ಟದ್ದು ನಮ್ಮ ಬೆಂಗಳೂರಿನಲ್ಲಿ, 1974ರಲ್ಲಿ. ಗೆದ್ದವರು ಮುಂಬಯಿಯ ವಾಸಂತಿ ಖಾಡಿಲ್ಕರ್. ‘ನವಾಕಾಳ’ ಮರಾಠಿ ಪತ್ರಿಕೆಯ ಸಂಪಾದಕ ನೀಲಕಂಠ ಖಾಡಿಲ್ಕರರ ಮಗಳು. ಮೊದಲ ಹತ್ತು ವರ್ಷ ರಾಷ್ಟ್ರೀಯ ಪಟ್ಟ ವಾಸಂತಿ, ಜಯಶ್ರೀ, ರೋಹಿಣಿ ಎಂಬ ಈ ಮೂವರು ಅಕ್ಕತಂಗಿಯರ ಕೈಬಿಟ್ಟು ಹೋಗಲಿಲ್ಲ. ಅಕ್ಕತಂಗಿಯರು ಎದುರುಬದುರು ಕೂರಬಾರದೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕೆ?

ಪ್ರತ್ಯೇಕ ಸ್ಪರ್ಧೆಯಿಂದ ಬಾಗಿಲು ತೆರೆಯಿತು. ಅದೇ ಗೋಡೆಯಾಗಬಾರದೆಂದು ಹಟ ಹಿಡಿದವರು ಕಿರಿಯವರಾದ ರೋಹಿಣಿ. 1976ರಲ್ಲಿ, 13ರ ವಯಸ್ಸಿನಲ್ಲಿ, ಅವರು ಪುರುಷರ ರಾಷ್ಟ್ರೀಯ ಸ್ಪರ್ಧೆಯಲ್ಲಿ ಆಡಿದರು. ಗದ್ದಲವೆದ್ದಿತು, ವಿಷಯ ಹೈಕೋರ್ಟಿನವರೆಗೆ ಹೋಗಿ ತೀರ್ಪು ರೋಹಿಣಿಯ ಪರವಾಯಿತು. ರಾಷ್ಟ್ರೀಯ, ಅಂತಾರಾಷ್ಟ್ರೀಯ ಸ್ಪರ್ಧೆಗಳಿಂದ ಮಹಿಳೆಯರನ್ನು ಹೊರಗಿಡುವಂತಿಲ್ಲ ಎಂದು ವಿಶ್ವ ಚದುರಂಗ ಸಂಸ್ಥೆ ಫಿಡೆಯ ಅಧ್ಯಕ್ಷ ಮ್ಯಾಕ್ಸ್ ಯೂವೆ ಹೇಳಬೇಕಾಯಿತು. ಬೆಂಗಳೂರಿನ ಪ್ರತ್ಯೇಕ ಸ್ಪರ್ಧೆ ಮತ್ತು ರೋಹಿಣಿಯ ಈ ಹಟ, ಎರಡೂ ಬೇಕಾಗಿದ್ದವು.

ಮನೆಯ ಆಟವೇ ಸ್ಪರ್ಧೆಯ ಆಟವಾದರೆ ಏನಾಗುತ್ತದೆಂದು ನೋಡಲು ಕಪ್ಪು ಸಮುದ್ರದ ದಡದ ಜಾರ್ಜಿಯಾಕ್ಕೆ ಹೋಗಬೇಕು. ಮದುಮಗಳಿಗೆ ತವರಿನಿಂದ ಚದುರಂಗದ ಮಣೆ ಕೊಡುವ ರೂಢಿ ಅಲ್ಲಿತ್ತೆಂದು ಹೇಳುತ್ತಾರೆ. 1962ರಿಂದ 1991ರವರೆಗೆ ಮಹಿಳಾ ವಿಶ್ವ ಪಟ್ಟ ಆ ಪುಟ್ಟ ನಾಡಿನ ಇಬ್ಬರದೇ ಆಗಿತ್ತು: ಮೊದಲು ನೋನಾ ಗಪ್ರಿಂದಾಶ್ವಿಲಿ, ಬಳಿಕ ಮಾಯಾ ಚಿಬುರ್ದಾನಿದ್ಜೆ. ಅದೇ ಜಾರ್ಜಿಯಾದ ಬಟುಮಿಯಲ್ಲಿ 2025ರ ಜುಲೈಯಲ್ಲಿ ನಡೆದ ಮಹಿಳಾ ವಿಶ್ವಕಪ್ ಫೈನಲಿನಲ್ಲಿ ಎದುರಾದವರು ಇಬ್ಬರೂ ಭಾರತೀಯರು. ನಾಗಪುರದ ದಿವ್ಯಾ ದೇಶಮುಖ್, ಕೋನೇರು ಹಂಪಿಯವರನ್ನು ಸೋಲಿಸಿ ಭಾರತದ 88ನೆಯ ಗ್ರ್ಯಾಂಡ್‌ಮಾಸ್ಟರ್ ಆದರು.

ಹೆಮ್ಮೆಪಡೋಣ, ಜೊತೆಗೆ ಒಂದು ಲೆಕ್ಕವನ್ನೂ ಮಾಡೋಣ. ಆ 88 ಮಂದಿಯಲ್ಲಿ ಮಹಿಳೆಯರು ನಾಲ್ವರು: ಹಂಪಿ, ಹಾರಿಕಾ, ವೈಶಾಲಿ, ದಿವ್ಯಾ.

ಉಳಿದವರು ಎಲ್ಲಿ ನಿಂತುಹೋದರು? 2024ರ ಆರಂಭದಲ್ಲಿ ನೆದರ್ಲೆಂಡ್ಸಿನ ಪಂದ್ಯಾವಳಿಯೊಂದರ ಬಳಿಕ ದಿವ್ಯಾ ನೊಂದು ಬರೆದದ್ದುಂಟು: ನೋಡುಗರು ಆಟ ಬಿಟ್ಟು ಬಟ್ಟೆ, ಕೂದಲು, ಉಚ್ಚಾರದ ಮೇಲೆ ಕಣ್ಣಿಡುತ್ತಾರೆ ಎಂದು. ಇದು ಒಂದು ಅಡ್ಡಿ. ಮದುವೆ, ಮಗು ಎಂದರೆ ಆಟ ಮುಗಿಯಿತೆಂಬ ಎಣಿಕೆ ಇನ್ನೊಂದು. ಅದನ್ನು ಸುಳ್ಳು ಮಾಡಿದವರು ಹಂಪಿ. 2017ರಲ್ಲಿ ತಾಯಿಯಾಗಿ, 2019ರಲ್ಲಿ ಮರಳಿ ಬಂದು ವಿಶ್ವ ರ್‍ಯಾಪಿಡ್ ಪಟ್ಟ ಗೆದ್ದರು, 2024ರಲ್ಲಿ ಮತ್ತೊಮ್ಮೆ.

ಊರಿನ ಸಭಾಂಗಣದಲ್ಲಿ

ಎಲ್ಲರೂ ಹಂಪಿಯಾಗಬೇಕಿಲ್ಲ. ಊರಿನ ಸ್ಪರ್ಧೆಗೆ ಬಂದ ಹತ್ತು ವರ್ಷದ ಹುಡುಗಿ ಮುಂದಿನ ವರ್ಷವೂ ಬಂದರೆ ಸಾಕು. ಅದಕ್ಕೆ ಬೇಕಾದವು ಸಣ್ಣ ಸಂಗತಿಗಳು. ಹುಡುಗಿಯರಿಗೆ ಬೇರೆ ಶುಚಿಯಾದ ಶೌಚಾಲಯ. ಕಾಯುವ ತಾಯಂದಿರಿಗೆ ನಾಲ್ಕು ಕುರ್ಚಿ. ಕೊನೆಯ ಬಸ್ಸಿಗೆ ಮೊದಲೇ ಮುಗಿಯುವ ಕೊನೆಯ ಸುತ್ತು. ತೀರ್ಪುಗಾರರಲ್ಲಿ ಒಬ್ಬ ಮಹಿಳೆ. ದೂರು ಬಂದರೆ ನಗದೆ ಕೇಳುವ ಸಂಘಟಕ. ಹುಡುಗಿಯರ ಬಹುಮಾನ ಇರಲಿ, ಮುಕ್ತ ವಿಭಾಗದ ಬಹುಮಾನಕ್ಕೂ ಅವಳು ಹಕ್ಕುದಾರಳೆಂಬುದು ನೆನಪಿರಲಿ. ಹುಡುಗಿಗೆ ಸೋತ ಹುಡುಗನನ್ನು ಗೆಳೆಯರು ಗೇಲಿ ಮಾಡುವ ಅಭ್ಯಾಸ ಮೊದಲು ನಿಲ್ಲಲಿ. ಆ ಗೇಲಿ ಮುಟ್ಟುವುದು ಗೆದ್ದವಳಿಗೇ.

ಆಟಿಯಲ್ಲಿ ನಮ್ಮ ಮಹಿಳಾ ಮಂಡಳಿಗಳು ‘ಆಟಿಡೊಂಜಿ ದಿನ’ ನಡೆಸುವಾಗ ಚೆನ್ನೆಮಣೆಯ ಮುಂದೆ ಅಜ್ಜಿಯರೂ ಹುಡುಗಿಯರೂ ಕೂರುತ್ತಾರೆ. ಅಲ್ಲಿ ಯಾರೂ ಅವರ ಬುದ್ಧಿಯನ್ನು ಸಂಶಯಿಸುವುದಿಲ್ಲ, ಬಂದದ್ದೇಕೆಂದು ಕೇಳುವುದಿಲ್ಲ. ಆ ಮಣೆಯ ಪಕ್ಕದಲ್ಲೇ ಅರುವತ್ತನಾಲ್ಕು ಮನೆಗಳ ಮಣೆಯೊಂದನ್ನೂ ಇಟ್ಟು ನೋಡಬಹುದು. 56 ಬೀಜಗಳ ಲೆಕ್ಕ ಬಲ್ಲವರಿಗೆ 32 ಕಾಯಿಗಳ ಲೆಕ್ಕ ಹೊಸದೇನಲ್ಲ.