ಪರೀಕ್ಷೆಗೆ ಓದಿದ ಫ್ರೆಂಚ್

ಇಂಗ್ಲೆಂಡಿನ ಡೋವರಿನಿಂದ ಫ್ರಾನ್ಸಿನ ಕ್ಯಾಲೆಗೆ ಇರುವ ದೂರ ಸುಮಾರು 21 ಮೈಲಿ. ಆಕಾಶ ತಿಳಿಯಾಗಿರುವ ದಿನ ಈಚೆಯ ದಡದಲ್ಲಿ ನಿಂತವರಿಗೆ ಆಚೆಯ ದಡ ಕಾಣುತ್ತದೆ. ಇಷ್ಟು ಸಮೀಪದ ನೆರೆಯವರ ಮಾತನ್ನು ಇಂಗ್ಲಿಷರು ಏಳೆಂಟು ನೂರು ವರ್ಷಗಳಿಂದ ಕಲಿಯುತ್ತಲೇ ಬಂದಿದ್ದಾರೆ. ಆದರೂ ಐದು ವರ್ಷ ಶಾಲೆಯಲ್ಲಿ ಫ್ರೆಂಚ್ ಓದಿ ತೇರ್ಗಡೆಯಾದ ಹುಡುಗ ಹಡಗಿನಿಂದ ಕ್ಯಾಲೆಯಲ್ಲಿ ಇಳಿದು ಒಂದು ಲೋಟ ಕಾಫಿ ಕೇಳಲು ತಡವರಿಸುತ್ತಾನೆಂಬುದು ಅಲ್ಲಿಯ ಹಳೆಯ ಹಾಸ್ಯ. ಇದರಲ್ಲಿ ತಪ್ಪು ಹುಡುಗನದೋ, ಮೇಷ್ಟರದೋ, ಪರೀಕ್ಷೆಯದೋ? ಈ ಪ್ರಶ್ನೆಗೆ ಉತ್ತರ ಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದನಷ್ಟೆ. ಆತನೊಡನೆ ಫ್ರೆಂಚ್ ನುಡಿಯೂ ಕಡಲು ದಾಟಿ ಬಂದು ಅರಮನೆಯಲ್ಲಿ, ನ್ಯಾಯಸ್ಥಾನದಲ್ಲಿ, ಜಮೀನುದಾರರ ಮನೆಗಳಲ್ಲಿ ನೆಲೆಸಿತು. ಎರಡು ಶತಮಾನಗಳು ಕಳೆಯುವಷ್ಟರಲ್ಲಿ ಆ ಮನೆಗಳ ಮಕ್ಕಳಿಗೆ ಇಂಗ್ಲಿಷೇ ತಾಯ್ನುಡಿಯಾಗಿ, ಫ್ರೆಂಚನ್ನು ಕಲಿಸಿಕೊಡಬೇಕಾದ ಸ್ಥಿತಿ ಬಂತು. ಹದಿಮೂರನೆಯ ಶತಮಾನದಲ್ಲಿ ವಾಲ್ಟರ್ ಆಫ್ ಬಿಬ್ಸ್‌ವರ್ತ್ ಎಂಬಾತ ಒಬ್ಬ ಶ್ರೀಮಂತ ಗೃಹಿಣಿಗಾಗಿ ಒಂದು ಪದ್ಯರೂಪದ ಪುಸ್ತಕ ಬರೆದುಕೊಟ್ಟನು. ಆಕೆ ತನ್ನ ಮಕ್ಕಳಿಗೆ ಫ್ರೆಂಚ್ ಹೇಳಿಕೊಡಲು ಅನುಕೂಲವಾಗಲೆಂದು ಅದರಲ್ಲಿ ದೇಹದ ಅಂಗಗಳು, ಮನೆಯ ಸಾಮಾನು, ಹೊಲದ ಕೆಲಸ, ಅಡಿಗೆ, ಪ್ರಾಣಿಗಳ ಕೂಗು ಇವೆಲ್ಲದರ ಹೆಸರುಗಳೂ ಇದ್ದವು. ಪರೀಕ್ಷೆಯಿಲ್ಲ, ಅಂಕಗಳಿಲ್ಲ, ತಾಯಿ ಹೇಳಬೇಕು, ಮಗು ಕೇಳಬೇಕು, ಕೈಗೆ ಸಿಕ್ಕಿದ ವಸ್ತುವಿಗೆ ಹೆಸರಿಡಬೇಕು. ಭಾಷೆ ಕಲಿಸುವ ಈ ಸರಳವಾದ ಹಾದಿಯನ್ನು ಮತ್ತೆ ಹುಡುಕಿಕೊಳ್ಳಲು ಇಂಗ್ಲೆಂಡಿನ ಶಾಲೆಗಳಿಗೆ ಮುಂದೆ ಆರು ಶತಮಾನಗಳೇ ಹಿಡಿದವು.

ಕಾಲಕ್ರಮದಲ್ಲಿ ಫ್ರೆಂಚಿನ ಅಧಿಕಾರ ಕುಂದಿತು. ನ್ಯಾಯಸ್ಥಾನಗಳಲ್ಲಿ ವಾದವಿವಾದ ಇಂಗ್ಲಿಷಿನಲ್ಲಿ ನಡೆಯಬೇಕೆಂದು 1362ರಲ್ಲಿ ಶಾಸನವಾಯಿತು. ವಿನೋದವೆಂದರೆ ಆ ಶಾಸನವನ್ನು ಬರೆದದ್ದೂ ಫ್ರೆಂಚಿನಲ್ಲಿಯೇ! 1385ರ ವೇಳೆಗೆ ವ್ಯಾಕರಣ ಶಾಲೆಗಳು ಫ್ರೆಂಚನ್ನು ಬಿಟ್ಟು ಇಂಗ್ಲಿಷಿನ ಮೂಲಕ ಪಾಠ ಹೇಳುತ್ತಿದ್ದುವೆಂದು ಜಾನ್ ಟ್ರೆವಿಸಾ ಎಂಬ ಪಾದ್ರಿ ಬರೆದಿದ್ದಾನೆ. ಇದರಿಂದ ಮಕ್ಕಳಿಗೆ ವ್ಯಾಕರಣ ಬೇಗ ಬರುವುದು ಲಾಭವೆಂದೂ, ಕಡಲು ದಾಟಿ ಪರದೇಶಕ್ಕೆ ಹೋದಾಗ ಕಷ್ಟಪಡುವುದು ನಷ್ಟವೆಂದೂ ಆತ ಲೆಕ್ಕಹಾಕಿದ. ಈ ಲಾಭನಷ್ಟದ ಲೆಕ್ಕ ಅಲ್ಲಿ ಇಂದಿಗೂ ಮುಗಿದಿಲ್ಲ.

ಆಳುವ ನುಡಿಯಾಗಿದ್ದುದು ಕಲಿಯುವ ನುಡಿಯಾದ ಮೇಲೆ ಪುಸ್ತಕಗಳು ಬಂದವು, ಮೇಷ್ಟರುಗಳೂ ಬಂದರು. ಎಂಟನೆಯ ಹೆನ್ರಿಯ ತಂಗಿ ಮೇರಿಗೆ ಫ್ರೆಂಚ್ ಹೇಳಿಕೊಟ್ಟ ಜಾನ್ ಪಾಲ್ಸ್‌ಗ್ರೇವ್ 1530ರಲ್ಲಿ ಇಂಗ್ಲಿಷಿನಲ್ಲಿ ದೊಡ್ಡದೊಂದು ಫ್ರೆಂಚ್ ವ್ಯಾಕರಣವನ್ನು ಪ್ರಕಟಿಸಿದನು. ಫ್ರಾನ್ಸಿನಲ್ಲಿ ಪ್ರಾಟೆಸ್ಟಂಟರಿಗೆ ಹಿಂಸೆ ಒದಗಿದಾಗ ಅನೇಕರು ಇಂಗ್ಲೆಂಡಿನ ಆಶ್ರಯ ಹುಡುಕಿ ಬಂದರು. ಹೀಗೆ ಬಂದವರಲ್ಲಿ ಒಬ್ಬನು ಕ್ಲಾಡಿಯಸ್ ಹಾಲಿಬ್ಯಾಂಡ್. ಲಂಡನ್ನಿನ ಸೇಂಟ್ ಪಾಲ್ ದೇವಾಲಯದ ಬಳಿ ಶಾಲೆಯಿಟ್ಟು, ಪೇಟೆಯ ಮಾತುಕತೆ, ಊಟದ ಮಾತುಕತೆ, ಶಾಲೆಯ ಮಾತುಕತೆ ಎಂದು ಸಂಭಾಷಣೆಗಳನ್ನೇ ಪಾಠ ಮಾಡಿದನು. 1685ರಲ್ಲಿ ಹದಿನಾಲ್ಕನೆಯ ಲೂಯಿ ಪ್ರಾಟೆಸ್ಟಂಟರಿಗಿದ್ದ ರಕ್ಷಣೆಯನ್ನು ರದ್ದುಮಾಡಿದಾಗ ನಿರಾಶ್ರಿತರ ಇನ್ನೊಂದು ದೊಡ್ಡ ಅಲೆ ಬಂತು. ನೆಲ ಕಳೆದುಕೊಂಡವರಿಗೆ ನಾಲಗೆಯೇ ಆಸ್ತಿ. ಎಷ್ಟೋ ಮಂದಿ ತಮ್ಮ ತಾಯ್ನುಡಿಯನ್ನು ಹೇಳಿಕೊಟ್ಟು ಹೊಟ್ಟೆ ಹೊರೆದರು.

ಹೀಗಿದ್ದರೂ ಗಣ್ಯರ ಗಂಡುಮಕ್ಕಳು ಓದುತ್ತಿದ್ದ ದೊಡ್ಡ ಶಾಲೆಗಳಲ್ಲಿ ಸಿಂಹಾಸನ ಲ್ಯಾಟಿನ್ ಮತ್ತು ಗ್ರೀಕಿಗೆ ಮೀಸಲು. ಫ್ರೆಂಚ್ ಎಂದರೆ ಪಿಯಾನೋ, ಚಿತ್ರಕಲೆ, ನೃತ್ಯಗಳ ಸಾಲಿನಲ್ಲಿ ಹೆಣ್ಣುಮಕ್ಕಳಿಗೆ ಶೋಭಿಸುವ ಒಂದು ಅಲಂಕಾರ. ಗಂಡುಮಕ್ಕಳ ಶಾಲೆಯ ಫ್ರೆಂಚ್ ಮೇಷ್ಟರ ಪಾಡು ಯಾರಿಗೂ ಬೇಡ. ಬೇರೆ ದೇಶದವನು, ಉಚ್ಚಾರಣೆ ವಿಚಿತ್ರ, ಸಂಬಳ ಕಡಿಮೆ, ಹುಡುಗರ ಕೀಟಲೆಗೆ ಸುಲಭವಾದ ಗುರಿ. 1861ರಿಂದ 1864ರವರೆಗೆ ಈ ಶಾಲೆಗಳನ್ನು ವಿಚಾರಿಸಿದ ಕ್ಲಾರೆಂಡನ್ ಆಯೋಗ ಫ್ರೆಂಚ್ ಅಥವಾ ಜರ್ಮನ್ ಭಾಷೆಯ ಪಾಠವೂ ಇರಬೇಕೆಂದು ಸಲಹೆ ಮಾಡಿತು. ಆದರೆ ಹಳೆಯ ಭಾಷೆಗಳ ಮೇಲುಗೈ ತಪ್ಪಲಿಲ್ಲ.

ಇದೇ ಕಾಲದಲ್ಲಿ, ಪ್ರೌಢಶಾಲೆಗಳ ಚರಿತ್ರೆಯನ್ನೇ ತಿರುಗಿಸಿದ ಇನ್ನೊಂದು ಸಂಗತಿ ನಡೆಯಿತು. 1858ರಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿಶ್ವವಿದ್ಯಾನಿಲಯಗಳು ಊರೂರಿನ ಶಾಲಾಬಾಲಕರಿಗಾಗಿ ಸ್ಥಳೀಯ ಪರೀಕ್ಷೆಗಳನ್ನು ಆರಂಭಿಸಿದುವು. ಕೆಲವೇ ವರ್ಷಗಳಲ್ಲಿ ಬಾಲಿಕೆಯರಿಗೂ ಪ್ರವೇಶ ದೊರೆಯಿತು. ಮುಂದೆ ಈ ಪರೀಕ್ಷೆ ಕಡಲಾಚೆಯ ವಸಾಹತುಗಳಿಗೂ ಹೋಯಿತು. ಬೆಂಗಳೂರು ದಂಡಿನ ಪ್ರದೇಶದ ಶಾಲೆಗಳಲ್ಲಿ ಹಿಂದೆ ‘ಸೀನಿಯರ್ ಕೇಂಬ್ರಿಜ್’ ಎಂದು ಕೇಳಿಬರುತ್ತಿದ್ದ ಹೆಸರು ಇದೇ ಮನೆತನದ್ದು.

ಪರೀಕ್ಷೆಯ ಪಟ್ಟಿಯಲ್ಲಿ ಫ್ರೆಂಚ್ ಸೇರಿತು, ಗೌರವವೂ ಬಂತು. ಆದರೆ ಆ ಗೌರವಕ್ಕೆ ಅದು ತೆತ್ತ ಬೆಲೆ ಸಣ್ಣದಲ್ಲ. ಲ್ಯಾಟಿನ್ನಿನ ಪಕ್ಕದಲ್ಲಿ ಕೂರಬೇಕಾದರೆ ಲ್ಯಾಟಿನ್ನಿನ ವೇಷವನ್ನೇ ತೊಡಬೇಕಾಯಿತು. ಕ್ರಿಯಾಪದಗಳ ರೂಪಗಳನ್ನು ಉರುಹೊಡೆಯುವುದು, ನಿಯಮಗಳಿಗೆ ಅಪವಾದಗಳನ್ನು ಪಟ್ಟಿಮಾಡುವುದು, ಇಂಗ್ಲಿಷಿನ ವಾಕ್ಯವನ್ನು ಫ್ರೆಂಚಿಗೂ ಫ್ರೆಂಚಿನ ವಾಕ್ಯವನ್ನು ಇಂಗ್ಲಿಷಿಗೂ ತಿರುಗಿಸುವುದು, ಇದೇ ಪಾಠವಾಯಿತು. ಕಾಗದದ ಮೇಲೆ ಬರೆದದ್ದಕ್ಕೆ ಅಂಕ ಕೊಡುವುದು ಸುಲಭ. ಗಾಳಿಯಲ್ಲಿ ಹೋಗುವ ಮಾತಿಗೆ ಅಂಕ ಕೊಡುವುದು ಕಷ್ಟ, ಖರ್ಚೂ ಹೆಚ್ಚು. ಪರೀಕ್ಷೆ ಯಾವುದನ್ನು ಕೇಳುವುದಿಲ್ಲವೋ ಅದನ್ನು ಶಾಲೆ ಕಲಿಸುವುದಿಲ್ಲ. ನಾಲಗೆಯ ಭಾಷೆ ಲೇಖನಿಯ ಭಾಷೆಯಾಗಿ ಹೋಯಿತು.

ಇದನ್ನು ಪ್ರತಿಭಟಿಸಿದವರೂ ಇದ್ದರು. 1882ರಲ್ಲಿ ಜರ್ಮನಿಯ ವಿಲ್ಹೆಲ್ಮ್ ಫೀಟರ್, ಭಾಷಾಬೋಧನೆ ದಿಕ್ಕು ಬದಲಿಸಲೇಬೇಕೆಂದು ಒಂದು ಕಿರುಹೊತ್ತಗೆ ಬರೆದು ಗದ್ದಲವೆಬ್ಬಿಸಿದನು. 1886ರಲ್ಲಿ ಫ್ರಾನ್ಸಿನ ಪಾಲ್ ಪಾಸಿ ಉಪಾಧ್ಯಾಯರ ಒಂದು ಸಂಘ ಕಟ್ಟಿದನು. ಜಗತ್ತಿನ ಎಲ್ಲ ನುಡಿಗಳ ಧ್ವನಿಗಳನ್ನೂ ಬರೆಯಬಲ್ಲ ಲಿಪಿಸಂಕೇತಗಳು ಆ ಸಂಘದಿಂದ ಹುಟ್ಟಿದುವು. ಇಂಗ್ಲೆಂಡಿನಲ್ಲಿ ಹೆನ್ರಿ ಸ್ವೀಟ್ 1899ರಲ್ಲಿ ಭಾಷೆಗಳ ವ್ಯಾವಹಾರಿಕ ಅಭ್ಯಾಸವನ್ನು ಕುರಿತು ಗ್ರಂಥ ಬರೆದನು. ಇವರೆಲ್ಲರ ಸಾರ ಒಂದೇ: ಮೊದಲು ಕಿವಿ, ಆಮೇಲೆ ನಾಲಗೆ, ಕೊನೆಗೆ ಕಣ್ಣು ಮತ್ತು ಕೈ. ಕೆಲವು ಉತ್ಸಾಹಿ ಉಪಾಧ್ಯಾಯರು ತರಗತಿಯೊಳಗೆ ಇಂಗ್ಲಿಷನ್ನೇ ಕೈಬಿಟ್ಟು ಫ್ರೆಂಚಿನಲ್ಲಿಯೇ ಪಾಠ ಮಾಡಿದರು. ಆದರೆ ಪರೀಕ್ಷೆ ಹತ್ತಿರ ಬಂದಂತೆಲ್ಲ ಅವರೂ ಹಳೆಯ ಭಾಷಾಂತರದ ಪುಸ್ತಕವನ್ನೇ ಕೈಗೆತ್ತಿಕೊಳ್ಳಬೇಕಾಗುತ್ತಿತ್ತು.

1904ರಲ್ಲಿ ಇಂಗ್ಲೆಂಡಿನ ವಿದ್ಯಾ ಮಂಡಲಿ, ಪ್ರೌಢಶಾಲೆಗಳಲ್ಲಿ ಇಂಗ್ಲಿಷಲ್ಲದ ಒಂದು ಭಾಷೆಯಾದರೂ ಇರತಕ್ಕದ್ದೆಂದು ಕಟ್ಟಳೆ ಮಾಡಿತು. ಮೊದಲನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ‘ಸ್ಕೂಲ್ ಸರ್ಟಿಫಿಕೇಟ್’ ಎಂಬ ಪರೀಕ್ಷೆ ದೇಶಕ್ಕೆಲ್ಲ ಬಂತು. ಹದಿನಾರರ ಹುಡುಗ ಹುಡುಗಿಯರು ಐದು ವಿಷಯಗಳಲ್ಲಿ ತೇರ್ಗಡೆಯಾಗಬೇಕು. ವಿಷಯಗಳನ್ನು ಗುಂಪುಗಳಾಗಿ ವಿಂಗಡಿಸಿದ್ದರು: ಇಂಗ್ಲಿಷು, ಚರಿತ್ರೆ, ಭೂಗೋಳ ಒಂದು ಗುಂಪು, ಇತರ ಭಾಷೆಗಳು ಇನ್ನೊಂದು, ಗಣಿತ, ವಿಜ್ಞಾನ ಮತ್ತೊಂದು. ಪ್ರತಿ ಗುಂಪಿನಲ್ಲಿಯೂ ಗೆಲ್ಲಬೇಕು. ಆರಂಭದ ವರ್ಷಗಳಲ್ಲಿ ಈ ಕಟ್ಟು ಬಹಳ ಬಿಗಿ. ಗಣಿತದಲ್ಲಿ ಎಷ್ಟೇ ಜಾಣನಾಗಿರಲಿ, ಭಾಷೆಯಲ್ಲಿ ಎಡವಿದರೆ ಪ್ರಶಸ್ತಿಪತ್ರವೇ ಇಲ್ಲ. ಪ್ರಶಸ್ತಿಪತ್ರವಿಲ್ಲದಿದ್ದರೆ ಕಚೇರಿಯ ಗುಮಾಸ್ತೆಗಿರಿಯ ಬಾಗಿಲೂ ಅರ್ಧ ಮುಚ್ಚಿದಂತೆ. ಗಣಿಯ ಕೂಲಿಯವನ ಮಗನ ಭವಿಷ್ಯ, ಆತ ಎಂದೂ ಕಾಣದ ದೇಶದ ಕ್ರಿಯಾಪದಗಳ ಮೇಲೆ ತೂಗಾಡುತ್ತಿತ್ತು. ಫ್ರೆಂಚನ್ನು ಪ್ರೀತಿಸಿ ಕಲಿತವರು ಇರಲಿಲ್ಲವೆಂದಲ್ಲ. ಆದರೆ ಹೆದರಿ ಕಲಿತವರೇ ಹೆಚ್ಚು.

ಕಿವಿಯ ಪರವಾಗಿ ವಾದಿಸಿದವರಿಗೆ ಈ ವೇಳೆಗೆ ಹೊಸದೊಂದು ಬೆಂಬಲ ದೊರಕಿತ್ತು. 1901ರಲ್ಲಿ ಸ್ಥಾಪಿತವಾದ ಲಿಂಗ್ವಫೋನ್ ಸಂಸ್ಥೆ ಧ್ವನಿಮುದ್ರಿಕೆಗಳ ಮೂಲಕ ಭಾಷೆ ಕಲಿಸತೊಡಗಿತು. 1924ರಲ್ಲಿ ಬಿ.ಬಿ.ಸಿ. ಶಾಲೆಗಳಿಗಾಗಿ ಪ್ರಸಾರವನ್ನು ಆರಂಭಿಸಿತು. ಬಹುಬೇಗ ಫ್ರೆಂಚ್ ಪಾಠಗಳೂ ಅದರಲ್ಲಿ ಸೇರಿದುವು. ಫ್ರೆಂಚ್ ಜನ ಹೇಗೆ ಮಾತಾಡುತ್ತಾರೆಂಬುದನ್ನು ಹಳ್ಳಿಯ ಶಾಲೆಯ ಮಗುವೂ ಮೊದಲ ಬಾರಿಗೆ ಕೇಳುವಂತಾದುದು ರೇಡಿಯೋ ಪೆಟ್ಟಿಗೆಯಿಂದ.

ಆ ಕಿವಿಯ ಬೆಲೆ ಎಷ್ಟೆಂಬುದು ಎರಡನೆಯ ಮಹಾಯುದ್ಧದಲ್ಲಿ ಗೊತ್ತಾಯಿತು. 1940ರ ಅಕ್ಟೋಬರ್ 21ರಂದು ಚರ್ಚಿಲ್ ಲಂಡನ್ನಿನಿಂದ ಫ್ರೆಂಚ್ ಜನರನ್ನು ಉದ್ದೇಶಿಸಿ ಫ್ರೆಂಚಿನಲ್ಲಿಯೇ ಭಾಷಣ ಪ್ರಸಾರ ಮಾಡಿದರು. ಉಚ್ಚಾರಣೆಯಲ್ಲಿ ಇಂಗ್ಲಿಷಿನ ಛಾಯೆ ಎದ್ದು ಕಾಣುತ್ತಿದ್ದರೂ ಕೇಳಿದವರಿಗೆ ಅರ್ಥ ಮುಟ್ಟಿತು. ಆದರೆ ಶತ್ರುವಿನ ಕೈಯಲ್ಲಿದ್ದ ಫ್ರಾನ್ಸಿನೊಳಕ್ಕೆ ಗುಟ್ಟಾಗಿ ಹೋಗಬೇಕಾದವರಿಗೆ ಅಷ್ಟು ಸಾಲದು; ಒಂದು ತಪ್ಪು ಸ್ವರಕ್ಕೆ ತಲೆ ಹೋಗುವ ಕೆಲಸ ಅದು. ಪರೀಕ್ಷೆಯ ಅಂಕಗಳು ಅಲ್ಲಿ ನಡೆಯವು. ಹೀಗೆ ಹೋದವರಲ್ಲಿ ಒಬ್ಬರು ನೂರ್ ಇನಾಯತ್ ಖಾನ್, ನಮ್ಮ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನನ ವಂಶಕ್ಕೆ ಸೇರಿದವರು. ಪ್ಯಾರಿಸಿನ ಬಳಿ ಬೆಳೆದುದರಿಂದ ಫ್ರೆಂಚ್ ಅವರಿಗೆ ಮನೆಯ ಮಾತಿನಂತಿತ್ತು. 1943ರ ಜೂನ್ ತಿಂಗಳಲ್ಲಿ ರಹಸ್ಯ ವೈರ್‌ಲೆಸ್ ಯಂತ್ರ ನಡೆಸಲು ಅವರನ್ನು ಫ್ರಾನ್ಸಿಗೆ ಕಳುಹಿಸಿದರು. ಕೊನೆಗೆ ಸೆರೆಸಿಕ್ಕಿ, 1944ರ ಸೆಪ್ಟೆಂಬರಿನಲ್ಲಿ ಡಾಖೌ ಶಿಬಿರದಲ್ಲಿ ಪ್ರಾಣ ತೆತ್ತರು. 1949ರಲ್ಲಿ ಅವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪ್ರಶಸ್ತಿ ಸಂದಿತು.

ಯುದ್ಧಾನಂತರ, 1951ರಲ್ಲಿ ಸ್ಕೂಲ್ ಸರ್ಟಿಫಿಕೇಟಿನ ಗುಂಪುಗಂಟು ಬಿಚ್ಚಿ, ವಿಷಯಕ್ಕೊಂದು ಪರೀಕ್ಷೆಯಾಗಿ ‘ಆರ್ಡಿನರಿ ಲೆವೆಲ್’ ಬಂತು. ಭಾಷಾಂತರ, ಪ್ರಬಂಧ, ಉಕ್ತಲೇಖನ, ಕೊನೆಯಲ್ಲಿ ಕೆಲವು ನಿಮಿಷಗಳ ಮಾತು. ಹಳೆಯ ಮನೆಗೆ ಹೊಸ ಸುಣ್ಣ ಬಳಿದಂತೆ. ಹನ್ನೊಂದನೆಯ ವಯಸ್ಸಿನ ಪರೀಕ್ಷೆಯಲ್ಲಿ ಹಿಂದೆ ಬಿದ್ದು ಕೆಳದರ್ಜೆಯ ಶಾಲೆಗೆ ಹೋದ ಬಹುಪಾಲು ಮಕ್ಕಳಿಗೆ ಆಗ ಫ್ರೆಂಚಿನ ಗಂಧವೇ ಇರಲಿಲ್ಲ. 1965ರಿಂದ ಅವರಿಗಾಗಿ ಇನ್ನೊಂದು ಪರೀಕ್ಷೆ ಏರ್ಪಟ್ಟಿತು. ಪ್ರಾಥಮಿಕ ಶಾಲೆಯಲ್ಲಿಯೇ ಫ್ರೆಂಚ್ ಕಲಿಸುವ ದೊಡ್ಡ ಪ್ರಯೋಗವೊಂದು 1960ರ ದಶಕದಲ್ಲಿ ಆರಂಭವಾಯಿತು. 1974ರ ವರದಿ, ಬೇಗ ಕಲಿತ ಮಕ್ಕಳು ಮುಂದೆ ನಿರೀಕ್ಷಿಸಿದಷ್ಟು ಮುಂದಾಗಲಿಲ್ಲವೆಂದು ತಿಳಿಸಿತು, ಉತ್ಸಾಹ ಕುಗ್ಗಿತು.

ಎರಡು ಪರೀಕ್ಷೆಗಳೂ ಬೆರೆತು 1988ರಲ್ಲಿ ಜಿ.ಸಿ.ಎಸ್.ಇ. ಎಂಬ ಪರೀಕ್ಷೆ ಮೊದಲ ಬಾರಿಗೆ ನಡೆಯಿತು. ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು, ಈ ನಾಲ್ಕಕ್ಕೂ ಅದರಲ್ಲಿ ಸ್ಥಾನ ದೊರೆಯಿತು. ಸುಧಾರಕರ ನೂರು ವರ್ಷದ ಕೂಗಿಗೆ ಕೊನೆಗೂ ಉತ್ತರ ಬಂದಂತಾಯಿತು. ಅದೇ ವರ್ಷದ ಕಾಯಿದೆಯಿಂದ, ಮುಂದಿನ ದಶಕದಲ್ಲಿ ಎಲ್ಲ ಮಕ್ಕಳೂ ಹದಿನಾರರವರೆಗೆ ಒಂದು ಅನ್ಯಭಾಷೆ ಓದುವುದು ಕಡ್ಡಾಯವೂ ಆಯಿತು.

ಆಮೇಲೆ ಬಂದದ್ದು 2004. ಹದಿನಾಲ್ಕು ದಾಟಿದ ಮೇಲೆ ಭಾಷೆ ಐಚ್ಛಿಕವೆಂದು ಇಂಗ್ಲೆಂಡಿನ ಸರ್ಕಾರ ಘೋಷಿಸಿತು. ಆ ವರ್ಷ ಫ್ರೆಂಚ್ ಪರೀಕ್ಷೆಗೆ ಕುಳಿತವರು ಮೂರು ಲಕ್ಷಕ್ಕೂ ಮೀರಿದ್ದರು. 2010ರ ಹೊತ್ತಿಗೆ ಎರಡು ಲಕ್ಷಕ್ಕೂ ಕಡಿಮೆಯಾದರು. ಬಿಟ್ಟವರು ಯಾರು? ಹಣ ತೆತ್ತು ಓದಿಸುವ ಶಾಲೆಗಳ ಮಕ್ಕಳು ಬಹುಮಟ್ಟಿಗೆ ಉಳಿದರು. ಸರ್ಕಾರಿ ಶಾಲೆಗಳ ಮಕ್ಕಳು ಹೆಚ್ಚಾಗಿ ಹೊರನಡೆದರು. ಹಿಂದೊಮ್ಮೆ ಬಡವರ ಮಗನನ್ನು ತಡೆದ ಭಾಷೆ, ಬಾಗಿಲು ತೆರೆದ ಮೇಲೂ ಮತ್ತೆ ಉಳ್ಳವರ ಕೈಗೇ ಸೇರುವ ಸೂಚನೆ ಕಂಡಿತು. ಅಷ್ಟರಲ್ಲಿ ಸ್ಪ್ಯಾನಿಷ್ ಭಾಷೆ ಮುನ್ನುಗ್ಗಿ, 2025ರಲ್ಲಿ ಅಭ್ಯರ್ಥಿಗಳ ಸಂಖ್ಯೆಯಲ್ಲಿ ಫ್ರೆಂಚನ್ನು ಹಿಂದೆ ಹಾಕಿತು.

2024ರಲ್ಲಿ ಪಾಠಕ್ಕೆ ಬಂದ ಹೊಸ ಪಠ್ಯಕ್ರಮದಲ್ಲಿ ಕಲಿಯಬೇಕಾದ ಪದಗಳ ಪಟ್ಟಿಯನ್ನೇ ಗೊತ್ತುಮಾಡಿದ್ದಾರೆ: ಕೆಳಗಿನ ಮಟ್ಟಕ್ಕೆ ಸುಮಾರು 1,200, ಮೇಲಿನ ಮಟ್ಟಕ್ಕೆ ಸುಮಾರು 1,700. ಜೊತೆಗೆ, ಹಳೆಯದೆಂದು ಮೂಲೆಗೆ ಸರಿಸಿದ್ದ ಉಕ್ತಲೇಖನವೂ ಗಟ್ಟಿಯಾಗಿ ಓದುವ ಅಭ್ಯಾಸವೂ ಮರಳಿ ಬಂದಿವೆ. ಕಿವಿಯಿಂದ ಕೇಳಿ ಕೈಯಿಂದ ಬರೆ, ಕಣ್ಣಿನಿಂದ ನೋಡಿ ಬಾಯಿಂದ ನುಡಿ. ಬಿಬ್ಸ್‌ವರ್ತನ ತಾಯಿ ಮಕ್ಕಳು ಇದನ್ನು ಕಂಡಿದ್ದರೆ ಅಪರಿಚಿತವೆನ್ನುತ್ತಿರಲಿಲ್ಲ.

ನಮ್ಮಲ್ಲಿಯೂ ಪಿ.ಯು.ಸಿ.ಯ ಭಾಷೆಗಳ ಪಟ್ಟಿಯಲ್ಲಿ ಫ್ರೆಂಚ್ ಉಂಟು. ಅದನ್ನು ಅಂಕಗಳ ಆಸೆಗೆ ಆರಿಸಿಕೊಳ್ಳುವವರೂ ಉಂಟು. ಅದನ್ನು ತಪ್ಪೆನ್ನಲಾಗದು, ಪರೀಕ್ಷೆ ಮನುಷ್ಯನನ್ನು ಬಾಗಿಲವರೆಗೆ ಕರೆತರುತ್ತದೆ. ಕಡ್ಡಾಯ ತಪ್ಪಿದೊಡನೆ ತರಗತಿ ಬರಿದಾದುದನ್ನು ನೋಡಿದರೆ, ಬರೀ ಪ್ರೀತಿಯನ್ನೇ ನಂಬಿ ಭಾಷೆಯನ್ನು ಶಾಲೆಯಲ್ಲಿ ಉಳಿಸಲಾಗದೆಂಬುದೂ ದಿಟ. ಆದರೆ ಬಾಗಿಲು ದಾಟುವುದು ಕಲಿತವನ ಕೆಲಸ. ಅಂಕಪಟ್ಟಿಯನ್ನು ಪೆಟ್ಟಿಗೆಯಲ್ಲಿಟ್ಟ ಮೇಲೆ ಆ ಭಾಷೆಯ ಒಂದು ಪುಸ್ತಕವನ್ನು ಬಿಡಿಸಿದನೋ, ರೇಡಿಯೋದಲ್ಲಿ ಆ ದನಿ ಕೇಳಿದಾಗ ಕಿವಿ ನಿಮಿರಿತೋ ಎಂಬುದೇ ಕೊನೆಯ ಪ್ರಶ್ನೆ. ಆ ಪ್ರಶ್ನೆಪತ್ರಿಕೆಯನ್ನು ಯಾವ ಮಂಡಲಿಯೂ ಅಚ್ಚುಹಾಕುವುದಿಲ್ಲ.