ತುಂಗಭದ್ರೆಯ ಈಚೆ ದಡದಲ್ಲಿ ನಂಬಿಕೆಯ ಬದುಕು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂದೊಡನೆ ನಾಡಿನ ಜನಕ್ಕೆ ನೆನಪಾಗುವುದು ಕೊಟ್ಟೂರೇಶ್ವರನ ತೇರು, ಮೈಲಾರದ ಕಾರ್ಣಿಕ, ಉಜ್ಜಿನಿಯ ಪೀಠ. ಈ ಸೀಮೆಯ ಕ್ರೈಸ್ತರ ಬಗ್ಗೆ ಬರೆದವರು ಕಡಿಮೆ. 2011ರ ಜನಗಣತಿಯ ಪ್ರಕಾರ ಇಡೀ ಕರ್ನಾಟಕದಲ್ಲಿ ಕ್ರೈಸ್ತರ ಪಾಲು ಶೇ 1.87, ಈ ಐದು ತಾಲ್ಲೂಕುಗಳಲ್ಲಿ ಅಷ್ಟೂ ಇಲ್ಲ. ಆದರೆ ನಂಬಿಕೆಯಿಂದ ಬದುಕುವುದೆಂದರೆ ಏನು ಎಂಬ ಪ್ರಶ್ನೆಗೆ ಇಲ್ಲಿ ಮತ್ತು ಇದರ ಆಸುಪಾಸಿನಲ್ಲಿ ಇನ್ನೂರು ವರ್ಷಗಳಿಂದ ಸಿಕ್ಕ ಉತ್ತರಗಳು ಒಂದೇ ಬಗೆಯವಲ್ಲ.

ಬರೆದವರು ಕಡಿಮೆಯಾಗಲು ಆಡಳಿತದ ಗಡಿಗಳೂ ಒಂದು ಕಾರಣ. 1953ರವರೆಗೆ ಈ ಸೀಮೆ ಮದ್ರಾಸಿಗೆ ಸೇರಿದ್ದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಹೊಳೆಯಾಚೆಯ ಗದಗ, ಧಾರವಾಡ ಮುಂಬೈ ಪ್ರಾಂತ್ಯದವು. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ ಹೋಗಿ, 2018ರಲ್ಲಿ ಬಳ್ಳಾರಿಗೆ ಮರಳಿ, 2021ರಲ್ಲಿ ಉಳಿದ ನಾಲ್ಕರ ಜೊತೆ ವಿಜಯನಗರ ಜಿಲ್ಲೆಗೆ ಸೇರಿತು. ಸಭೆಗಳ ಚರಿತ್ರೆಯೂ ಹೀಗೇ ಹಂಚಿಹೋಗಿದೆ: ಬಳ್ಳಾರಿಯಲ್ಲಿ ಲಂಡನ್ ಮಿಷನ್, ಹೊಳೆಯಾಚೆ ಬಾಸೆಲ್ ಮಿಷನ್.

ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಅವರನ್ನು ಕಳುಹಿಸಿದ್ದು ಶ್ರೀರಂಗಪಟ್ಟಣಕ್ಕೆ. ಅಲ್ಲಿ ನೆಲೆ ಸಿಗದೆ ಬಳ್ಳಾರಿಯಲ್ಲಿ ನಿಂತರು. ಆಗಿನ್ನೂ ಈಸ್ಟ್ ಇಂಡಿಯಾ ಕಂಪನಿಗೆ ಮಿಷನರಿಗಳೆಂದರೆ ಅಷ್ಟಕ್ಕಷ್ಟೆ. ಹ್ಯಾಂಡ್ಸ್ ಕನ್ನಡ ಕಲಿತರು, ಬೈಬಲ್ ಅನುವಾದಕ್ಕೆ ಕೈಹಾಕಿದರು. ಆಮೇಲೆ ಬಂದ ವಿಲಿಯಂ ರೀವ್ ಜೊತೆಯಾದರು. 1830ರ ದಶಕದ ಮೊದಲಿಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿತ್ತು. ರೀವ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1832ರಲ್ಲಿ ಬಂತು. ಹೀಗಾಗಿ ಈ ಭಾಗದಲ್ಲಿ ಕ್ರೈಸ್ತ ಬದುಕಿನ ಮೊದಲ ರೂಪ ಓದು. ಉಪದೇಶಿ ಪುಸ್ತಕ ಹಿಡಿದು ಬರುತ್ತಿದ್ದ, ಜನ ಸೇರಿದಲ್ಲಿ ಓದಿ ವಾದಕ್ಕೆ ನಿಲ್ಲುತ್ತಿದ್ದ, ಕರಪತ್ರ ಕೊಟ್ಟು ಮುಂದಿನ ಊರಿಗೆ ಹೋಗುತ್ತಿದ್ದ. ಹಂಪಿಯ ಜಾತ್ರೆ ಬಳ್ಳಾರಿ ಮಿಷನರಿಗಳಿಗೆ ಖಾಯಂ ಜಾಗ. ದೀಕ್ಷಾಸ್ನಾನಕ್ಕೆ ಮುಂದೆ ಬಂದವರು ಪ್ರಶ್ನೋತ್ತರ ಬಾಯಿಪಾಠ ಮಾಡಬೇಕಿತ್ತು. ನಂಬಿಕೆಯಲ್ಲಿ ಬೆಳೆಯುವುದೆಂದರೆ ಬಹುಮಟ್ಟಿಗೆ ಸರಿಯಾದ ಉತ್ತರ ಕಲಿಯುವುದು ಎಂದಾಗಿತ್ತು.

ಬಳ್ಳಾರಿಯ ಮಿಷನ್ ಅಚ್ಚುಕೂಟದ ಬಗ್ಗೆ ಒಂದು ಮಾತು ಹೇಳಲೇಬೇಕು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರಲ್ಲಿ ಶುರುಮಾಡಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನ ಪತ್ರಿಕೆ. ಮರುವರ್ಷ ಅದು ಅಚ್ಚುಮೊಳೆಯ ಅನುಕೂಲ ಹುಡುಕಿಕೊಂಡು ಬಳ್ಳಾರಿಗೆ ಬಂದು ‘ಕನ್ನಡ ಸಮಾಚಾರ’ ಆಯಿತು.

ಹೊಳೆಯಾಚೆ ಬೇರೆಯೇ ಗಾಳಿ. ಬಾಸೆಲ್ ಮಿಷನ್ನಿನವರು ಬಹುಪಾಲು ಜರ್ಮನಿಯ ವುರ್ಟೆಂಬರ್ಗಿನ ಭಕ್ತಿಪಂಥದ ಮನೆಗಳಿಂದ ಬಂದವರು. ಅವರಿಗೆ ತತ್ವ ಒಪ್ಪಿಕೊಂಡರೆ ಸಾಲದು. ಒಳಗಿನ ಮನುಷ್ಯ ಬದಲಾಗಬೇಕು, ಆ ಬದಲಾವಣೆ ದಿನದ ದುಡಿಮೆಯಲ್ಲಿ, ಮನೆಯ ಶಿಸ್ತಿನಲ್ಲಿ ಕಾಣಬೇಕು. 1840ರ ಸುಮಾರಿಗೆ ಹುಬ್ಬಳ್ಳಿ–ಧಾರವಾಡದ ಕಡೆಯ ಕಾಲಜ್ಞಾನಿಗಳು ತಮ್ಮ ಭವಿಷ್ಯನುಡಿಗಳಿಗೂ ಮಿಷನರಿಗಳ ಮಾತಿಗೂ ಹೊಂದಿಕೆ ಕಂಡು ಹತ್ತಿರ ಬಂದರು. ಅವರೆಲ್ಲ ಸಭೆಗೆ ಸೇರುತ್ತಾರೆಂದು ನಂಬಿದ ಮೋಗ್ಲಿಂಗ್ ಗದಗದ ಹತ್ತಿರ ಮಲ್ಲಸಮುದ್ರದಲ್ಲಿ ಕ್ರೈಸ್ತ ಕೃಷಿ ಗ್ರಾಮವೊಂದನ್ನು ಕಟ್ಟಲು ಮುಂದಾದರು. ಊರಿಗೆ ಜಾಗ ಸಿಕ್ಕಿತು, ಜನ ಮಾತ್ರ ಹಿಂದೆ ಸರಿದರು. ಪ್ರತಿವರ್ಷ ಮೈಲಾರದ ಕಾರ್ಣಿಕದ ಒಂದೇ ಸಾಲಿಗೆ ಕಿವಿಗೊಟ್ಟು, ಅದಕ್ಕೆ ಹತ್ತು ಅರ್ಥ ಹಚ್ಚುವ ಸೀಮೆಯವರಿಗೆ ಇದು ಅಚ್ಚರಿಯ ಸಂಗತಿಯಲ್ಲ. ಭವಿಷ್ಯನುಡಿ ಒಪ್ಪುವುದು ಒಂದು, ಬದುಕನ್ನೇ ಕಿತ್ತು ಬೇರೆಡೆ ನೆಡುವುದು ಇನ್ನೊಂದು.

1876–78ರ ಬರ ಬಳ್ಳಾರಿ ಜಿಲ್ಲೆಯನ್ನು ನುಂಗಿತು. ಆ ವರ್ಷಗಳಲ್ಲಿ ಮಿಷನ್ನುಗಳ ಕೆಲಸ ವಾದದಿಂದ ಗಂಜಿಗೆ, ಅನಾಥ ಮಕ್ಕಳ ಪಾಲನೆಗೆ ತಿರುಗಿತು. ಬರದಲ್ಲಿ ಸೇರಿದವರ ನಂಬಿಕೆ ಹೊಟ್ಟೆಪಾಡಿನದು ಎಂಬ ಟೀಕೆ ಆಗಲೂ ಇತ್ತು, ಈಗಲೂ ಇದೆ. ಅದನ್ನು ತಳ್ಳಿಹಾಕುವಂತಿಲ್ಲ, ಆದರೆ ಹಸಿದವನು ಕೈಹಿಡಿದವನ ದೇವರನ್ನು ನಂಬಿದರೆ ಅದು ಕಪಟ ಎನ್ನುವುದೂ ಅವಸರದ ತೀರ್ಪು.

ಬಳ್ಳಾರಿಯ ಲಂಡನ್ ಮಿಷನ್ನಿನೊಳಗಿಂದಲೇ ಮುಂದೆ ಭಿನ್ನಸ್ವರ ಎದ್ದಿತು. ಅಲ್ಲಿ ಕೆಲಸ ಮಾಡಿದ ಬರ್ನಾರ್ಡ್ ಲೂಕಸ್ 1907ರಲ್ಲಿ ‘ದಿ ಎಂಪೈರ್ ಆಫ್ ಕ್ರೈಸ್ಟ್’ ಬರೆದರು. ಸಭೆಗೆ ತಲೆ ಸೇರಿಸುವುದಕ್ಕಿಂತ ಕ್ರಿಸ್ತನ ಭಾವ ಭಾರತದ ಬದುಕಿನಲ್ಲಿ ಇಳಿಯುವುದು ಮುಖ್ಯ ಎಂಬುದು ಅವರ ವಾದದ ಸಾರ. ಮಿಷನ್ ವಲಯದಲ್ಲಿ ಗದ್ದಲವಾಯಿತು. ಆದರೆ ಅದೂ ಹೊರಗಿನವರು ಹೊರಗಿನವರ ಜೊತೆ ಇಂಗ್ಲಿಷಿನಲ್ಲಿ ನಡೆಸಿದ ಚರ್ಚೆ.

ಈ ಚರ್ಚೆಯನ್ನು ಕನ್ನಡದ ನೆಲಕ್ಕೆ ತಂದವರು ರೆವರೆಂಡ್ ಚೆನ್ನಪ್ಪ ಉತ್ತಂಗಿ. ಹುಟ್ಟಿದ್ದು 1881ರಲ್ಲಿ, ಧಾರವಾಡದಲ್ಲಿ. ಉತ್ತಂಗಿ ಹೂವಿನಹಡಗಲಿ ತಾಲ್ಲೂಕಿನ ಹಳ್ಳಿ. ಆ ಊರ ಹೆಸರೇ ಮನೆತನದ ಹೆಸರು. ಬಾಸೆಲ್ ಮಿಷನ್ನಿನ ಸಭಾಪಾಲಕರಾಗಿ ಊರೂರು ಸುತ್ತುವಾಗ ಉತ್ತಂಗಿಯವರು ಉಪದೇಶ ಮಾಡುವುದರ ಜೊತೆಗೆ ಕೇಳಿಸಿಕೊಳ್ಳುವುದನ್ನೂ ಕಲಿತರು. ಹೊಲದಲ್ಲಿ, ಕಟ್ಟೆಯ ಮೇಲೆ ಜನ ಮಾತಿನ ನಡುವೆ ಉದುರಿಸುತ್ತಿದ್ದ ಸರ್ವಜ್ಞನ ತ್ರಿಪದಿಗಳನ್ನು ಬರೆದುಕೊಂಡರು, ಹಸ್ತಪ್ರತಿ ಹುಡುಕಿದರು, ಪಾಠ ಹೋಲಿಸಿದರು. ವರ್ಷಗಟ್ಟಲೆ ನಡೆದ ಈ ದುಡಿಮೆ 1924ರಲ್ಲಿ ‘ಸರ್ವಜ್ಞನ ವಚನಗಳು’ ಆಗಿ ಹೊರಬಂತು. ಅದರಲ್ಲಿದ್ದದ್ದು ಸುಮಾರು ಎರಡು ಸಾವಿರ ವಚನ. ಪಾದ್ರಿಗೇಕೆ ಸರ್ವಜ್ಞ ಎಂದು ಕೇಳುವವರಿಗೆ ಆ ಸಂಗ್ರಹವೇ ಉತ್ತರ.

ಅದಕ್ಕೂ ಮೊದಲು, 1921ರಲ್ಲಿ, ಅವರು ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಬರೆದಿದ್ದರು. ಬನಾರಸ ಹಿಂದೂ ವಿಶ್ವವಿದ್ಯಾಲಯದ ಧರ್ಮಾಧ್ಯಯನದಲ್ಲಿ ಕ್ರಿಸ್ತನಿಗೂ ಜಾಗವಿರಲಿ ಎಂಬ ಕೋರಿಕೆ ಅದು. ಶೀರ್ಷಿಕೆಯಲ್ಲಿರುವುದು ವಿನಂತಿ, ಸವಾಲಲ್ಲ ಎಂಬುದನ್ನು ಗಮನಿಸಬೇಕು. ತುಕಾರಾಮನ ಅಭಂಗಗಳ ದಾರಿಯಲ್ಲಿ ಕ್ರಿಸ್ತನ ಬಳಿ ಬಂದೆನೆನ್ನುತ್ತಿದ್ದ ಮರಾಠಿ ಕವಿ ನಾರಾಯಣ ವಾಮನ ತಿಲಕರ ಚರಿತ್ರೆಯನ್ನೂ ಉತ್ತಂಗಿ ಕನ್ನಡಕ್ಕೆ ಕೊಟ್ಟರು. ಶರಣರಾದ ಮೋಳಿಗೆ ಮಾರಯ್ಯ, ಸಿದ್ಧರಾಮ, ಆದಯ್ಯ ಇವರ ವಚನಗಳನ್ನು ಸಂಪಾದಿಸಿದರು. ಶರಣರು ಕೂಡುತ್ತಿದ್ದರೆನ್ನುವ ಅನುಭವ ಮಂಟಪ ನಿಜಕ್ಕೂ ಇತ್ತೇ ಎಂಬ ಸಂಶಯ ಎದ್ದಾಗ, ಇತ್ತು ಎಂದು ಆಧಾರ ಕೂಡಿಸಿ 1951ರಲ್ಲಿ ಪುಸ್ತಕವನ್ನೇ ಬರೆದವರು ಈ ಕ್ರೈಸ್ತ ಪಾದ್ರಿ. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. 1962ರಲ್ಲಿ ತೀರಿಕೊಂಡರು.

ಉತ್ತಂಗಿಯವರಿಂದ ಆದ ದೊಡ್ಡ ಬದಲಾವಣೆ ಇದು: ಕ್ರೈಸ್ತನ ಆತ್ಮಿಕ ಬೆಳವಣಿಗೆಗೆ ಹಿಂದಿನ ಬದುಕನ್ನು ಮರೆಯುವುದು ಷರತ್ತಾಗಿ ಉಳಿಯಲಿಲ್ಲ. ಶರಣರು ಒಳಗಿನ ಅನುಭವಕ್ಕೆ, ದುಡಿದು ಹಂಚಿ ಉಣ್ಣುವುದಕ್ಕೆ ಕೊಟ್ಟ ಬೆಲೆಯನ್ನು ಸುವಾರ್ತೆಯ ಪಕ್ಕದಲ್ಲಿಟ್ಟು ಓದಬಹುದಾಯಿತು. ಬಾಸೆಲ್ ಮಿಷನ್ನಿನ ಕಿಟ್ಟೆಲ್ 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತೆಯನ್ನು ಕನ್ನಡದ ಛಂದಸ್ಸಿಗೆ ತಂದಿದ್ದು ನಿಜ, ಆದರೆ ಅಲ್ಲಿ ಉಡುಪಷ್ಟೇ ಕನ್ನಡದ್ದು, ಉತ್ತಂಗಿಯವರಲ್ಲಿ ಉಸಿರೂ ಕನ್ನಡದ್ದೇ.

ಸಂಸ್ಥೆಗಳ ಕತೆ ಬೇಗ ಹೇಳಿ ಮುಗಿಸಬಹುದು. 1947ರಲ್ಲಿ ಹಲವು ಪ್ರೊಟೆಸ್ಟಂಟ್ ಸಭೆಗಳು ಕೂಡಿ ದಕ್ಷಿಣ ಭಾರತ ಸಭೆ ರೂಪುಗೊಂಡಿತು. 1949ರಲ್ಲಿ ಬಳ್ಳಾರಿ ಕಥೋಲಿಕ ಧರ್ಮಪ್ರಾಂತ್ಯವಾಯಿತು. ಎರಡನೆಯ ವ್ಯಾಟಿಕನ್ ಮಹಾಸಭೆಯ ಬಳಿಕ ಲ್ಯಾಟಿನ್ ಪೂಜೆ ಜನರ ಭಾಷೆಗೆ ಬಂತು.

ಕಳೆದ ಕೆಲವು ದಶಕಗಳಲ್ಲಿ ಕಾಣುವ ರೂಪ ಮನೆ ಪ್ರಾರ್ಥನೆ. ಶುಕ್ರವಾರದ ಉಪವಾಸ ಪ್ರಾರ್ಥನೆ, ಅದರಲ್ಲಿ ಒಬ್ಬೊಬ್ಬರೇ ಎದ್ದು ಹೇಳುವ ಸಾಕ್ಷಿ, ರೋಗಿಯ ತಲೆಯ ಮೇಲೆ ಕೈಯಿಟ್ಟು ಮಾಡುವ ಬಿನ್ನಹ. ಇಂಥ ಕೂಟಗಳಲ್ಲಿ ಹೆಂಗಸರದೇ ಮುಂದಾಳತ್ವ. ಕುಡಿತ ಬಿಟ್ಟ ಗಂಡ, ತೀರಿದ ಸಾಲ, ವಾಸಿಯಾದ ಜ್ವರ ಇವೇ ಸಾಕ್ಷಿಯ ವಸ್ತು. ಕಲಿತ ದೇವಶಾಸ್ತ್ರಿಗಳು ಮೂಗು ಮುರಿದರೂ, ನಂಬಿಕೆಯನ್ನು ದಿನದ ಲೆಕ್ಕಕ್ಕೆ ತರುವ ಕೆಲಸ ನಡೆಯುತ್ತಿರುವುದು ಅಲ್ಲೇ. ಅದರ ಕೊರತೆಯೂ ಕಣ್ಣಿಗೆ ಕಾಣುತ್ತದೆ: ವಾಸಿಯಾಗದ ರೋಗಕ್ಕೆ, ಕೈಕೊಟ್ಟ ಮಳೆಗೆ ಈ ಬಗೆಯ ಸಾಕ್ಷಿಯಲ್ಲಿ ಮಾತಿಲ್ಲ. 2022ರ ಮತಾಂತರ ತಡೆ ಕಾಯ್ದೆಯ ಬಳಿಕ ಇಂಥ ಕೂಟಗಳಿಗೆ ಅಂಜಿಕೆಯೂ ಸೇರಿತು; ಆ ಕಾಯ್ದೆಯನ್ನು ಹಿಂಪಡೆಯಲು ರಾಜ್ಯ ಸಚಿವ ಸಂಪುಟ 2023ರಲ್ಲಿ ತೀರ್ಮಾನಿಸಿತು.

ಬಳ್ಳಾರಿಯ ಅಚ್ಚು, ಬಾಸೆಲಿನ ಶಿಸ್ತು, ಉತ್ತಂಗಿಯವರ ವಿದ್ವತ್ತು ಎಲ್ಲಕ್ಕೂ ದಾಖಲೆ ಉಂಟು. ಮನೆ ಪ್ರಾರ್ಥನೆಯ ಹೆಂಗಸರ ಮಾತಿಗೆ ದಾಖಲೆಯಿಲ್ಲ. ಸಭೆಗಳ ದೀಕ್ಷಾಸ್ನಾನದ ದಫ್ತರುಗಳು ಗೆದ್ದಲಿಗೆ ಸಿಗುವ ಮುನ್ನ ಹಡಗಲಿ, ಕೊಟ್ಟೂರು, ಹರಪನಹಳ್ಳಿಯ ಕಾಲೇಜುಗಳ ಕನ್ನಡ ಮತ್ತು ಇತಿಹಾಸ ವಿಭಾಗದವರು ಅವನ್ನು ತೆರೆದು ನೋಡಲಿ, ಹಿರಿಯರ ಸಾಕ್ಷಿಗಳನ್ನು ಅವರ ಬಾಯಿಮಾತಿನಲ್ಲೇ ಬರೆದಿಡಲಿ. ಸರ್ವಜ್ಞನ ವಚನಗಳಿಗಾಗಿ ಉತ್ತಂಗಿ ಚೆನ್ನಪ್ಪನವರು ಮಾಡಿದ್ದು ಇದೇ ಕೆಲಸ.