ಸಿವಂಗಿ ಮರೆತ ಸೀಮೆ

2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ವಿಮಾನದಲ್ಲಿ ಬಂದ ಎಂಟು ಪ್ರಾಣಿಗಳು ಮಧ್ಯಪ್ರದೇಶದ ಕುನೊ ಕಾಡಿನಲ್ಲಿ ಇಳಿದವು. ಅವನ್ನು ಕನ್ನಡದಲ್ಲಿ ಏನೆಂದು ಕರೆಯಬೇಕು? ಚಿರತೆ ಎಂದರೆ ಓದುಗರಿಗೆ ನೆನಪಾಗುವುದು ಊರಂಚಿನ ಮನೆಯ ಜಗಲಿಯಿಂದ ನಾಯಿ ಹೊತ್ತೊಯ್ಯುವ ಬೇರೆಯದೇ ಪ್ರಾಣಿ. ಹೀಗಾಗಿ ಹೆಚ್ಚಿನವರು ಹಿಂದಿಯ ‘ಚೀತಾ’ವನ್ನೇ ಎರವಲು ತಂದುಕೊಂಡರು. ಕನ್ನಡಕ್ಕೆ ಆ ಎರವಲು ಬೇಕಿರಲಿಲ್ಲ. ಅದರ ಹಳೆಯ ಹೆಸರು ಸಿವಂಗಿ. ಪ್ರಾಣಿಯ ಬೆನ್ನಿಗೇ ಹೆಸರೂ ಕಣ್ಮರೆಯಾಗಿತ್ತು ಅಷ್ಟೆ.

ಈ ಮರೆವಿನ ಕಥೆಗೆ ಚಿತ್ರದುರ್ಗಕ್ಕಿಂತ ತಕ್ಕ ನೆಲ ಸಿಗುವುದು ಕಷ್ಟ. ಊರಿನ ಹೆಸರಿನಿಂದಲೇ ಶುರು ಮಾಡಬಹುದು. ಚಿತ್ರಕಲ್ಲುದುರ್ಗವೇ ಚಿತ್ರದುರ್ಗವಾಯಿತು ಎನ್ನುವವರಿದ್ದಾರೆ. ಬಂಡೆಯೊಂದು ಕೊಡೆಯಂತಿರುವುದರಿಂದ ಛತ್ರಕಲ್ಲುದುರ್ಗ ಎನ್ನುವವರೂ ಇದ್ದಾರೆ. ಇಂಗ್ಲಿಷರ ಬಾಯಲ್ಲಿ ಅದು ‘ಚಿತಲ್‌ಡ್ರೂಗ್’ ಆಗಿ, ಯಾವುದೋ ಚುಕ್ಕೆಜಿಂಕೆಯ ಕೋಟೆಯಂತೆ ಕೇಳತೊಡಗಿತು. ತಮಾಷೆಯೆಂದರೆ ಈ ಅಪಭ್ರಂಶ ತೀರಾ ದಾರಿ ತಪ್ಪಿದ್ದೂ ಅಲ್ಲ. ಸಂಸ್ಕೃತದ ‘ಚಿತ್ರ’ಕ್ಕೆ ಬಣ್ಣಬಣ್ಣದ, ಚುಕ್ಕೆಚುಕ್ಕೆಯ ಎಂಬ ಅರ್ಥವೂ ಉಂಟು. ಅದರಿಂದ ಹುಟ್ಟಿದ ‘ಚಿತ್ರಕ’ವೇ ಸವೆದು ಸವೆದು ಹಿಂದಿಯ ‘ಚೀತಾ’ ಆಯಿತು. ಚಿತ್ರಕಲ್ಲು ಎನ್ನುವವರ ಮಾತು ನಿಜವಾದರೆ ದುರ್ಗದ ಹೆಸರೂ ಚೀತಾದ ಹೆಸರೂ ಒಂದೇ ಬೇರಿನವು.

ಚೀತಾವನ್ನು ಪಳಗಿಸಿ ಬೇಟೆಯಾಡಿಸುವ ಕಲೆಯ ಬಗ್ಗೆ ಭಾರತದಲ್ಲಿ ಸಿಗುವ ಮೊದಮೊದಲ ಬರಹವೂ ಕನ್ನಡ ನೆಲದ್ದೇ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅಡುಗೆ, ಆನೆ, ಸಂಗೀತಗಳ ಜೊತೆಗೆ ಬೇಟೆಗೂ ಜಾಗವಿದೆ. ಜಿಂಕೆಯ ಮೇಲೆ ಚೀತಾ ಬಿಡುವ ಬಗೆಯನ್ನೂ ಅದು ವಿವರಿಸುತ್ತದೆ. ದೆಹಲಿಯ ಬಾದಶಹರ ಬೇಟೆಯೆಂದೇ ಹೆಸರಾದ ಈ ವಿನೋದ ಅವರಿಗಿಂತ ಶತಮಾನಗಳ ಮೊದಲೇ ದಕ್ಷಿಣದ ಅರಮನೆಗೆ ಗೊತ್ತಿತ್ತು.

ಅದು ನಡೆಯುತ್ತಿದ್ದ ರೀತಿ ಹೀಗೆ. ಚೀತಾದ ಕಣ್ಣಿಗೆ ಚರ್ಮದ ಮುಸುಕು ಹಾಕಿ ಎತ್ತಿನಗಾಡಿಯ ಮೇಲೆ ಕೂರಿಸುತ್ತಿದ್ದರು. ಕೃಷ್ಣಮೃಗಗಳು ಕುದುರೆ ಕಂಡರೆ ಬೆದರಿ ಓಡುತ್ತವೆ, ಆದರೆ ರೈತನ ಗಾಡಿ ಅವಕ್ಕೆ ದಿನದಿನದ ನೋಟ. ಗಾಡಿ ಸುತ್ತುಬಳಸಿ ಹಿಂಡಿನ ಹತ್ತಿರಕ್ಕೆ ಬಂದಾಗ ಮುಸುಕು ತೆಗೆಯುತ್ತಿದ್ದರು. ಮುಂದಿನದು ಅರೆನಿಮಿಷದ ಆಟ. ಒಂದೇ ಓಟಕ್ಕೆ ಜಿಂಕೆ ಸಿಕ್ಕರೆ ಸಿಕ್ಕಿತು, ಇಲ್ಲವಾದರೆ ಪ್ರಾಣಿ ಏದುಸಿರು ಬಿಡುತ್ತ ಕೂತುಬಿಡುತ್ತಿತ್ತು. ಸಿಕ್ಕ ಜಿಂಕೆಯ ನೆತ್ತರನ್ನು ಮರದ ಸೌಟಿನಲ್ಲಿ ಹಿಡಿದು ಅದಕ್ಕೆ ನೆಕ್ಕಿಸಿ, ಬೇಟೆಯನ್ನು ಬಿಡಿಸಿಕೊಳ್ಳುತ್ತಿದ್ದರು.

ಇದಕ್ಕೆಲ್ಲ ಬೇಕಿದ್ದುದು ದಟ್ಟ ಕಾಡಲ್ಲ, ಬಯಲು. ಹಿರಿಯೂರು, ಹೊಸದುರ್ಗದ ಸುತ್ತ ಅಮೃತಮಹಲ್ ಕಾವಲುಗಳು ಅಂಥ ಬಯಲುಗಳಾಗಿದ್ದವು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿದ್ದ ಅರಮನೆಯ ದನಗಳ ಇಲಾಖೆಗೆ ಟಿಪ್ಪು ಸುಲ್ತಾನ್ ಅಮೃತಮಹಲ್ ಎಂದು ಹೆಸರಿಟ್ಟ. ಫಿರಂಗಿ ಎಳೆಯುವ ಎತ್ತುಗಳಿಗೆಂದು ಕಾಯ್ದಿಟ್ಟ ಆ ಹುಲ್ಲು ಎತ್ತಿನ ಜೊತೆಗೆ ಕೃಷ್ಣಮೃಗವನ್ನೂ ಸಾಕಿತು. ಹಾಗಿದ್ದಲ್ಲಿಗೆ ಸಿವಂಗಿ ಬಾರದೆ ಇದ್ದೀತೆ? ಟಿಪ್ಪುವಿನ ಬಳಿಯೂ ಬೇಟೆಯ ಚೀತಾಗಳಿದ್ದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅವು ಕಂಪನಿಯ ಕೈಗೆ ಬಂದವು. ಕೆಲವನ್ನು ಸಾಕುವವರ ಸಮೇತ ಇಂಗ್ಲೆಂಡಿನ ದೊರೆ ಮೂರನೇ ಜಾರ್ಜ್‌ಗೆ ಕಳಿಸಲಾಯಿತು.

ಟಿ.ಸಿ. ಜೆರ್ಡನ್ ಎಂಬ ಮದ್ರಾಸ್ ಸೈನ್ಯದ ವೈದ್ಯ 1867ರಲ್ಲಿ ಭಾರತದ ಸಸ್ತನಿಗಳ ಬಗ್ಗೆ ಪ್ರಕಟಿಸಿದ ಗ್ರಂಥದಲ್ಲಿ ಪ್ರತಿ ಪ್ರಾಣಿಗೂ ಊರೂರಿನ ಹೆಸರುಗಳನ್ನು ಕೊಟ್ಟ. ಚೀತಾದ ಎದುರು ಕನ್ನಡದ ಎರಡು ಹೆಸರುಗಳಿವೆ: ಸಿವಂಗಿ, ಚಿರ್ಚ. ಎರಡನೆಯದು ಕಿವಿಗೆ ಚಿರತೆಯ ಹತ್ತಿರದ ನೆಂಟನಂತೆ ಕೇಳುತ್ತದೆ. ಕಾಣದ ಪ್ರಾಣಿಗೆ ಜನ ಎರಡೆರಡು ಹೆಸರಿಡುವುದಿಲ್ಲ. ಸಿವಂಗಿಯ ಮೈಮೇಲೆ ಶಾಯಿಯ ಬೊಟ್ಟಿನಂಥ ತುಂಬುಚುಕ್ಕೆ, ಕಣ್ಣಿನಿಂದ ಬಾಯವರೆಗೆ ಇಳಿದ ಕಪ್ಪು ಗೆರೆ. ಚಿರತೆಯ ಮೈಮೇಲೆ ನಡುವೆ ಖಾಲಿ ಬಿಟ್ಟ ಹೂವಿನಂಥ ಮಚ್ಚೆ. ಎರಡನ್ನೂ ಕಂಡವರಿಗೆ ಎರಡು ಹೆಸರು ಬೇಕಾಗಿತ್ತು.

ಮುಂದೆ ಒಂದೇ ಸಾಕಾಯಿತು. ಚೀತಾ ಸೆರೆಯಲ್ಲಿ ಮರಿಹಾಕುವುದು ಆ ಕಾಲದಲ್ಲಿ ಅಪರೂಪಕ್ಕೂ ಅಪರೂಪವಾಗಿತ್ತು. ಮೊಗಲರ ಅಷ್ಟೊಂದು ಚೀತಾಗಳಲ್ಲಿ ಮರಿಹಾಕಿದ್ದು ಒಂದೇ ಒಂದು ಎಂದು ಜಹಾಂಗೀರ್ ಅಚ್ಚರಿಯಿಂದ ಬರೆದಿಟ್ಟಿದ್ದಾನೆ. ಹಾಗಾಗಿ ಅರಮನೆಯ ಒಂದೊಂದು ಚೀತಾವನ್ನೂ ಬಯಲಿನಿಂದಲೇ ಹಿಡಿದು ತರಬೇಕಿತ್ತು. ಬ್ರಿಟಿಷರ ಕಾಲಕ್ಕೆ ಇನ್ನೊಂದು ಏಟು ಬಿತ್ತು. ಹುಲಿ, ಚಿರತೆ, ತೋಳ ಕೊಂದವರಿಗೆ ಕೊಡುತ್ತಿದ್ದ ಇನಾಮಿನ ಪಟ್ಟಿಗೆ ಚೀತಾ ಕೂಡ ಸೇರಿತು. ಮನುಷ್ಯನ ತಂಟೆಗೇ ಬಾರದ ಪ್ರಾಣಿಯ ತಲೆಗೂ ಬೆಲೆ ಕಟ್ಟಿದ್ದು ಆ ಕಾಲದ ಕಚೇರಿಗಳಿಗೆ ಮಾತ್ರ ಅರ್ಥವಾಗುವ ಲೆಕ್ಕ. 1947ರಲ್ಲಿ ಈಗಿನ ಛತ್ತೀಸಗಢದ ಕೊರಿಯಾ ಸಂಸ್ಥಾನದ ಮಹಾರಾಜ ಮೂರನ್ನು ಒಟ್ಟಿಗೆ ಗುಂಡಿಕ್ಕಿದ. 1952ರಲ್ಲಿ ಸರ್ಕಾರ ಚೀತಾ ನಶಿಸಿತೆಂದು ಸಾರಿತು. ಕನ್ನಡದಲ್ಲಿ ಸಿವಂಗಿ ನಿಘಂಟಿಗೆ ಸೇರಿಕೊಂಡಿತು. ಅಲ್ಲೂ ಅದಕ್ಕೆ ನೆಮ್ಮದಿಯಿಲ್ಲ, ಕತ್ತೆಕಿರುಬ ಎಂಬ ಇನ್ನೊಂದು ಅರ್ಥ ಮಗ್ಗುಲಲ್ಲೇ ಮಲಗಿದೆ.

ಹುಲಿಯ ಕಥೆ ಇಷ್ಟು ಮೌನದ್ದಲ್ಲ. ಈ ಸೀಮೆಯ ಪಶುಪಾಲಕ ಮ್ಯಾಸಬೇಡರು ಹಾಡಿ ಉಳಿಸಿಕೊಂಡ ಗಾದರಿ ಪಾಲನಾಯಕ ದನಗಾಹಿ ವೀರ. ಹುಲಿಯೊಡನೆ ಸೆಣಸಿ ಅದನ್ನು ಕೊಂದು ತಾನೂ ಮಡಿದನೆಂದು ಅವನ ಕಥನ ಹೇಳುತ್ತದೆ. ದೇವರ ಎತ್ತುಗಳನ್ನು ಸಾಕುವ, ಹಟ್ಟಿಯ ಸುತ್ತ ಮುಳ್ಳುಬೇಲಿ ಕಟ್ಟುವ ಜನರಿಗೆ ಹುಲಿ ಎಂದರೆ ಪುರಾಣದ ವಾಹನವಲ್ಲ, ರಾತ್ರಿ ರೊಪ್ಪಕ್ಕೆ ನುಗ್ಗುವ ನೆರೆಯವ. ಬೇಟೆಯೇ ಕಸುಬಾಗಿದ್ದ ಬೇಡರ ಪಡೆಯ ಬಲದಿಂದಲೇ ದುರ್ಗದ ನಾಯಕರು 1779ರಲ್ಲಿ ಹೈದರಾಲಿಗೆ ಸೋಲುವವರೆಗೆ ಏಳುಸುತ್ತಿನ ಕೋಟೆಯಲ್ಲಿ ಆಳಿದರು.

ಈ ಸೀಮೆಯ ಹುಲಿ ಅಚ್ಚಿಗೆ ಹೋದದ್ದು ಬೆಂಗಳೂರಿನ ಕೆನೆತ್ ಆಂಡರ್‌ಸನ್‌ನಿಂದ. 1954ರಲ್ಲಿ ಬಂದ ಅವನ ಮೊದಲ ಬೇಟೆ ಪುಸ್ತಕದಲ್ಲಿ ‘ಹೊಸದುರ್ಗ–ಹೊಳಲ್ಕೆರೆಯ ನರಭಕ್ಷಕ’ ಎಂದೇ ಒಂದು ಅಧ್ಯಾಯವಿದೆ. ಎರಡು ತಾಲ್ಲೂಕು ಕೇಂದ್ರಗಳ ಹೆಸರು ಹೊತ್ತ ಆ ಹುಲಿಯ ಕಥೆಯನ್ನು ಲಂಡನ್ನಿನಲ್ಲಿ ಕೂತವರೂ ಓದಿದರು. ಈಗ ಆ ದಾರಿಯಲ್ಲಿ ಓಡಾಡುವುದು ಅದಿರಿನ ಲಾರಿ. ಹುಲಿಗೆ ನೆಲೆಯಿರುವುದು ಪಡುವಣದ ಭದ್ರಾ ಕಾಡಿನಲ್ಲಿ.

ಆಂಡರ್‌ಸನ್‌ನನ್ನು ‘ಕಾಡಿನ ಕತೆಗಳು’ ಮಾಲೆಯಾಗಿ ಕನ್ನಡಕ್ಕೆ ತಂದ ಪೂರ್ಣಚಂದ್ರ ತೇಜಸ್ವಿಯವರು ಒಂದು ಸಂಪುಟಕ್ಕೆ ‘ಜಾಲಹಳ್ಳಿಯ ಕುರ್ಕ’ ಎಂದು ಹೆಸರಿಟ್ಟರು. ಕುರ್ಕ ಎಂದರೆ ಚಿರತೆಯೇ, ಮಲೆನಾಡಿನ ಬಾಯಲ್ಲಿ. ಬೇರೆ ಕಡೆ ಕಿರುಬ ಎಂದರೂ ಅದೇ. ಇನ್ನೂ ಕೆಲವು ಕಡೆ ಕಿರುಬ ಎಂದರೆ ಕತ್ತೆಕಿರುಬ. ಪುಸ್ತಕದ ಶೀರ್ಷಿಕೆಯಾಗಿ ಅಂಗಡಿಗೆ ಬಂದಿದ್ದರಿಂದ ಕುರ್ಕ ಉಳಿದುಕೊಂಡ. ಸಿವಂಗಿಗೆ ಅಂಥ ತೇಜಸ್ವಿ ಸಿಗಲಿಲ್ಲ.

ಹೊಡೆದ ಪ್ರಾಣಿಗಳೆಲ್ಲ ಎಲ್ಲಿಗೆ ಹೋದವು? ದೊಡ್ಡ ಪಾಲು ಮೈಸೂರಿಗೆ. ಯೂಜೀನ್ ವ್ಯಾನ್ ಇಂಗೆನ್ 1900ರಲ್ಲಿ ಅಲ್ಲಿ ಕಟ್ಟಿದ, ಸತ್ತ ಪ್ರಾಣಿಗೆ ಜೀವಕಳೆ ಕೊಡುವ ಕಾರ್ಖಾನೆಗೆ ದೇಶದ ಮೂಲೆಮೂಲೆಯಿಂದ ಉಪ್ಪು ಸವರಿದ ಚರ್ಮಗಳು ರೈಲಿನಲ್ಲಿ ಬರುತ್ತಿದ್ದವು. ಅಲ್ಲಿ ಕಾಗದದ ತಿರುಳನ್ನು ಅಚ್ಚಿನಲ್ಲಿ ಒತ್ತಿ ಹುಲಿಯ ಮೈ ತಯಾರಿಸಿ, ಅದರ ಮೇಲೆ ಚರ್ಮ ತೊಡಿಸಿ, ಗಾಜಿನ ಕಣ್ಣು ಕೂರಿಸುತ್ತಿದ್ದರು. ಸಣ್ಣದು, ನಡುವಣದು, ದೊಡ್ಡದು ಎಂದು ಅಚ್ಚುಗಳಲ್ಲೂ ಅಳತೆಗಳಿದ್ದವು. ಆ ಕಾರ್ಖಾನೆಯ ಕೈದಾಟಿದ ಹುಲಿ ಮತ್ತು ಚಿರತೆಗಳ ಲೆಕ್ಕ 43,000 ಮೀರುತ್ತದೆ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಕೆಲಸ ಇಳಿಯುತ್ತಾ ಹೋಗಿ, 1999ರಲ್ಲಿ ಬಾಗಿಲು ಮುಚ್ಚಿತು. ಬೆಕ್ಕಿನ ಕುಲದ ವಸ್ತುಸಂಗ್ರಹಾಲಯವೊಂದು ಕರ್ನಾಟಕದಲ್ಲಿ ಇದ್ದದ್ದೇ ಆದರೆ ಅದು ಇದು. ಸಂಗ್ರಹ ಮಾತ್ರ ಒಂದೆಡೆ ನಿಲ್ಲದೆ ಅರಮನೆ, ಕ್ಲಬ್ಬು, ವಿಲಾಯಿತಿಯ ಬಂಗಲೆಗಳ ಗೋಡೆಗಳಿಗೆ ಚದುರಿಹೋಯಿತು.

ಬೆಕ್ಕಿಗೆಂದೇ ನಿಜವಾದ ವಸ್ತುಸಂಗ್ರಹಾಲಯ ಕಟ್ಟಿದವರು ಬೋರ್ನಿಯೊ ದ್ವೀಪದ ಕುಚಿಂಗ್ ನಗರದವರು. ಮಲಯ ಭಾಷೆಯಲ್ಲಿ ಕುಚಿಂಗ್ ಎಂದರೆ ಬೆಕ್ಕು. ಊರಿನ ಹೆಸರನ್ನೇ ನೆಪ ಮಾಡಿಕೊಂಡು 1993ರಲ್ಲಿ ತೆರೆದ ಆ ಸಂಗ್ರಹದಲ್ಲಿ ಈಜಿಪ್ಟಿನ ಬೆಕ್ಕಿನ ಮಮ್ಮಿಯೂ ಇದೆ, ಬೋರ್ನಿಯೊ ಬಿಟ್ಟು ಬೇರೆಲ್ಲೂ ಇಲ್ಲದ ಕೆಂಗಂದು ಕಾಡುಬೆಕ್ಕೂ ಇದೆ. ಕನ್ನಡ ನಾಡಿನಲ್ಲಿ ಊರಿನ ಹೆಸರು ಬೆಕ್ಕಿನ ಜೊತೆ ಸೇರಿಕೊಂಡದ್ದು ಮಂಡ್ಯ ಜಿಲ್ಲೆಯ ಬೆಕ್ಕಳಲೆಯಲ್ಲಿ. ಅಲ್ಲಿ ಬೆಕ್ಕೆಂದರೆ ಮಂಗಮ್ಮ ದೇವಿ. ಅದಕ್ಕೆ ಗುಡಿಯುಂಟು, ಪೂಜೆಯುಂಟು, ಸತ್ತರೆ ಮಣ್ಣು ಮಾಡುವ ಸಂಸ್ಕಾರವೂ ಉಂಟು.

ಚಿತ್ರದುರ್ಗದಲ್ಲಿ ಜೀವಂತ ಚಿರತೆ ನೋಡಬೇಕೆಂದರೆ ಜೋಗಿಮಟ್ಟಿ ದಾರಿಯ ಆಡುಮಲ್ಲೇಶ್ವರ ಕಿರು ಮೃಗಾಲಯಕ್ಕೆ ಹೋಗಬೇಕು. ರಜೆಯ ದಿನ ಮಕ್ಕಳು ಬಲೆಗೆ ಮೂಗೊತ್ತಿ ನಿಲ್ಲುವ ಅದೇ ಹೊತ್ತಿಗೆ ಹಿಂದಿನ ಗುಡ್ಡದಲ್ಲಿ ಟಿಕೆಟ್ಟಿಲ್ಲದ ಚಿರತೆಗಳು ಬಂಡೆಯ ನೆರಳಿನಲ್ಲಿ ಮಲಗಿರುತ್ತವೆ. ಜೋಗಿಮಟ್ಟಿ 2015ರಲ್ಲಿ ವನ್ಯಧಾಮವಾಯಿತು. ಹಿರಿಯೂರಿನ ಆಚೆ, ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕುರುಚಲು ಕಾಡು 2019ರಲ್ಲಿ ಚಿಂಕಾರ ವನ್ಯಧಾಮವಾಯಿತು. ಹಸಿರಿಲ್ಲದ ನೆಲವೂ ಕಾಡೇ ಎಂದು ಸರ್ಕಾರಿ ಕಾಗದ ಒಪ್ಪಿಕೊಳ್ಳಲು ಇಷ್ಟು ಕಾಲ ಹಿಡಿಯಿತು. ಚಿರತೆಗಂತೂ ಈ ಕಲ್ಲುಗುಡ್ಡಗಳೇ ಸಾಕು. 2018ರ ಅಂದಾಜಿನಲ್ಲಿ 1,783 ಇದ್ದ ರಾಜ್ಯದ ಚಿರತೆಗಳು 2022ರ ಅಂದಾಜಿನಲ್ಲಿ 1,879 ಆದವು. ನಾಯಿ, ಕುರಿ, ಹಂದಿ, ಏನು ಸಿಕ್ಕರೂ ಬದುಕುವ ಜಾಣತನ ಅದರದು. ಓಟವೊಂದನ್ನೇ ನಂಬಿದ್ದ ಸಿವಂಗಿಗೆ ಆ ಜಾಣತನವಿರಲಿಲ್ಲ.

ಕುಲದ ಚಿಕ್ಕವರನ್ನು ಕೇಳುವವರು ಕಡಿಮೆ. ಹೆಸರಿನ ಗೊಂದಲವೂ ಅಲ್ಲೇ ಹೆಚ್ಚು. ಪುನುಗುಬೆಕ್ಕು, ಕಬ್ಬೆಕ್ಕುಗಳನ್ನು ಕನ್ನಡ ಬೆಕ್ಕೆಂದೇ ಕರೆಯುತ್ತದೆ, ಪ್ರಾಣಿಶಾಸ್ತ್ರ ಅವನ್ನು ಬೇರೆ ಮನೆಗೆ ಕಳಿಸುತ್ತದೆ. ನಿಜವಾದ ಕಾಡುಬೆಕ್ಕು ಉದ್ದ ಕಾಲಿನ, ಗಿಡ್ಡ ಬಾಲದ, ಮಣ್ಣಬಣ್ಣದ ಪ್ರಾಣಿ. ಕಾಡಿಗಿಂತ ಹೊಲ, ಕೆರೆಯಂಗಳ, ಕಬ್ಬಿನ ಗದ್ದೆಗಳೇ ಅದಕ್ಕೆ ಇಷ್ಟ. ಅದಕ್ಕೂ ಸಣ್ಣದು ತುಕ್ಕುಬಣ್ಣದ ಚುಕ್ಕೆಗಳ ಬೆಕ್ಕು, ಜಗತ್ತಿನ ಅತಿ ಚಿಕ್ಕ ಕಾಡುಬೆಕ್ಕುಗಳಲ್ಲೊಂದು. ಬೆಳೆದು ನಿಂತರೂ ಒಂದೂವರೆ ಕಿಲೋ ಆಸುಪಾಸು, ಮನೆಯ ಬೆಕ್ಕಿನ ಅರ್ಧ ತೂಕ. 1831ರಲ್ಲಿ ಫ್ರೆಂಚ್ ವಿಜ್ಞಾನಿಯೊಬ್ಬರು ಪುದುಚೇರಿಯ ಮಾದರಿಯಿಂದ ಇದನ್ನು ಜಗತ್ತಿಗೆ ಪರಿಚಯಿಸಿದರು. ಒಣಗಾಡು, ಕಲ್ಲುಬಂಡೆ, ಒಮ್ಮೊಮ್ಮೆ ಪಾಳುಮನೆಯ ಅಟ್ಟ ಅದರ ಬಿಡಾರ.

ಜೆರ್ಡನ್ ಬಳಿಗೆ 1846ರಲ್ಲಿ ಯಾರೋ ಇಂಥದೊಂದು ಮರಿ ತಂದುಕೊಟ್ಟಿದ್ದರು. ಅದು ಮನೆಮಂದಿಯ ಮುದ್ದಾಗಿ ಬೆಳೆಯಿತು. ಎಂಟು ತಿಂಗಳಾದಾಗ ಚಿಂಕಾರ ಮರಿಯೊಂದಿದ್ದ ಕೋಣೆಗೆ ಅದನ್ನು ಬಿಟ್ಟರು. ಕಂಡದ್ದೇ ತಡ, ಹಾರಿ ತನಗಿಂತ ದೊಡ್ಡ ಪ್ರಾಣಿಯ ಹೆಡಕು ಕಚ್ಚಿ ಹಿಡಿದ ಬೆಕ್ಕನ್ನು ಬಿಡಿಸಲು ಜೆರ್ಡನ್ ಹೆಣಗಬೇಕಾಯಿತು. ಅಂಗೈಯಗಲದ ದೇಹದಲ್ಲಿ ಇಡೀ ಹುಲಿ ಇತ್ತು.

ಹೆಸರು ಕಳೆದುಕೊಂಡ ಸೀಮೆಯಲ್ಲಿ ಏನಾಗುತ್ತದೆ ಎಂಬುದನ್ನು ಕಬ್ಬು ಕಡಿಯುವ ಕಾಲದಲ್ಲಿ ನೋಡಬಹುದು. ತರಗಿನ ನಡುವೆ ಕಣ್ಣು ಬಿಡದ ಎರಡು ಮೂರು ಮರಿಗಳು ಸಿಗುತ್ತವೆ. ಕುಡುಗೋಲು ನಿಲ್ಲುತ್ತದೆ, ‘ಚಿರತೆ ಮರಿ’ ಎಂಬ ಕೂಗು ಏಳುತ್ತದೆ, ಮೊಬೈಲುಗಳು ಹೊರಬರುತ್ತವೆ. ಅರಣ್ಯ ಇಲಾಖೆಯವರು ಬಂದು ಕಿವಿ, ಬಾಲ ನೋಡಿ ಇವು ಕಾಡುಬೆಕ್ಕಿನವು ಎಂದಾಗ ನೆರೆದವರಲ್ಲಿ ಅರ್ಧ ಜನಕ್ಕೆ ನಿರಾಸೆ. ಮರಿಗಳನ್ನು ಬುಟ್ಟಿಯಲ್ಲಿಟ್ಟು, ಸಿಕ್ಕ ಜಾಗದಲ್ಲೇ ಬಿಟ್ಟು, ಎಲ್ಲರನ್ನೂ ದೂರ ಕಳಿಸುತ್ತಾರೆ. ಕತ್ತಲಾದ ಮೇಲೆ ತಾಯಿ ಬರುತ್ತದೆ. ಒಂದನ್ನು ಹೆಡಕು ಕಚ್ಚಿ ಎತ್ತಿಕೊಂಡು ಹೋಗಿ, ಎಲ್ಲೋ ಇಟ್ಟು, ಇನ್ನೊಂದಕ್ಕೆ ಮರಳಿ ಬರುತ್ತದೆ.